ಚಿತ್ರಸ್ಪರ್ಧೆಯೂ ದೊಡ್ಡವರ ಕೈಯೂ

ನಮ್ಮ ಶಾಲೆಯ ಬಾಲಿಕೆಯರು ಚಿತ್ರಸ್ಪರ್ಧೆಗಳಲ್ಲಿ ಸೇರಬೇಕೋ ಬೇಡವೋ ಎಂದು ತಾಯಿತಂದೆಗಳು ನಮ್ಮನ್ನು ಪದೇಪದೇ ವಿಚಾರಿಸುವದುಂಟು. ಪರೀಕ್ಷೆಗೆ ಓದುವ ಕಾಲದಲ್ಲಿ ಕುಂಚವೇಕೆಂದು ಕೆಲವರು ಕೇಳುತ್ತಾರೆ. ತಮ್ಮ ಮಗಳಿಗೆ ಬಹುಮಾನವೇಕೆ ಬರಲಿಲ್ಲವೆಂದು ಬೇರೆ ಕೆಲವರು ಕೇಳುತ್ತಾರೆ. ಈ ಎರಡನೆಯ ಪ್ರಶ್ನೆಯೇ ನಮ್ಮನ್ನು ಹೆಚ್ಚು ಚಿಂತೆಗೆ ಈಡುಮಾಡಿರುವದರಿಂದ, ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಯಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಲಿಚ್ಛಿಸುತ್ತೇವೆ. ಅದೇನಂದರೆ, ಸ್ಪರ್ಧೆಯೂ ಪ್ರದರ್ಶನವೂ ಒಳ್ಳೆಯವೇ. ಆದರೆ ಮಕ್ಕಳ ಚಿತ್ರಕ್ಕೆ ದೊಡ್ಡವರು ಕೈ ಹಚ್ಚಿದೊಡನೆ ಅವೆರಡೂ ಕೆಟ್ಟುಹೋಗುತ್ತವೆ.

ಒಂದು ಸಾರಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಹಿತ್ತಿಲಲ್ಲಿ ಕುಳಿತು ಹಲಸಿನಹಣ್ಣು ಬಿಡಿಸುತ್ತಿರುವ ತನ್ನ ಅಜ್ಜಿಯನ್ನು ಬರೆದಳು. ಅಜ್ಜಿಯ ಕೈಗಳು ಮುಖಕ್ಕಿಂತ ದೊಡ್ಡವಾಗಿದ್ದವು. ಬೆರಳುಗಳಿಗೆ ಹಚ್ಚಿದ ಎಣ್ಣೆ ಹೊಳೆಯುವಂತೆ ತೋರಬೇಕೆಂದು ಕಾಗದವನ್ನು ಅಲ್ಲಲ್ಲಿ ಬೆಳ್ಳಗೇ ಬಿಟ್ಟಿದ್ದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ಚಿತ್ರ ಮನೆಗೆ ಹೋಗಿ ತಿರುಗಿ ಬಂದಾಗ ಅಜ್ಜಿಯ ಕೈಗಳು ಚಿಕ್ಕವಾಗಿದ್ದವು, ಬಿಳುಪು ಬಣ್ಣದಲ್ಲಿ ಮುಚ್ಚಿಹೋಗಿತ್ತು, ಹಿಂದುಗಡೆ ಎರಡು ಗುಡ್ಡಗಳೂ ಅವುಗಳ ನಡುವೆ ಸೂರ್ಯನೂ ಪಕ್ಕದಲ್ಲಿ ಒಂದು ತೆಂಗಿನಮರವೂ ಹುಟ್ಟಿಕೊಂಡಿದ್ದವು. (ಈ ಎರಡು ಗುಡ್ಡಗಳು ನಮ್ಮ ನಾಡಿನ ಮಕ್ಕಳನ್ನು ಎಂದು ಬಿಟ್ಟು ತೊಲಗುವವೋ ನಾವರಿಯೆವು!) "ಅಮ್ಮನವರೇ, ಟ್ಯೂಶನ್ ಮಾಸ್ತರರು ಸ್ವಲ್ಪ ತಿದ್ದಿಕೊಟ್ಟರು; ಈಗ ಚೆಂದ ಕಾಣುತ್ತದಲ್ಲವೇ?" ಎಂದು ತಾಯಿಯು ಸಂತೋಷದಿಂದಲೇ ಹೇಳಿದರು. ಹುಡುಗಿಯು ಮಾತ್ರ ತಲೆ ಎತ್ತಲಿಲ್ಲ. ಆ ಚಿತ್ರಕ್ಕೆ ಬಹುಮಾನ ಬರಲಿಲ್ಲ. ಬಂದಿದ್ದರೆ ನಷ್ಟವು ಇನ್ನೂ ದೊಡ್ಡದಾಗುತ್ತಿತ್ತು. ಯಾಕಂದರೆ ತಾನು ಕಂಡದ್ದಕ್ಕೆ ಬೆಲೆಯಿಲ್ಲ, ಇತರರು ತಿದ್ದಿದ್ದಕ್ಕೆ ಬೆಲೆಯುಂಟು ಎಂಬ ಪಾಠವನ್ನು ಅವಳು ಆ ದಿನವೇ ಕಲಿತುಬಿಡುತ್ತಿದ್ದಳು.

ಇಂಥ ಸ್ಪರ್ಧೆಗಳನ್ನು ಏರ್ಪಡಿಸಿದ ಹಿರಿಯರು ಈ ಅಪಾಯವನ್ನು ಅರಿಯದವರಲ್ಲ. ವ್ಯಂಗ್ಯಚಿತ್ರಕಾರರಾದ ಶಂಕರರು 1949ರಲ್ಲಿ ದೆಹಲಿಯಿಂದ ಭಾರತದ ಮಕ್ಕಳಿಗಾಗಿ ಚಿತ್ರಸ್ಪರ್ಧೆಯನ್ನು ಆರಂಭಿಸಿ, ಮರುವರ್ಷವೇ ಅದನ್ನು ಇತರ ದೇಶಗಳ ಮಕ್ಕಳಿಗೂ ತೆರೆದರು. ಅಲ್ಲದೆ ಮಕ್ಕಳನ್ನು ಒಂದೆಡೆ ಕೂಡಿಸಿ ಸ್ಥಳದಲ್ಲಿಯೇ ಬರೆಯಿಸುವ ಸ್ಪರ್ಧೆಯನ್ನೂ ನಡಿಸಿದರು. ಅಮೇರಿಕದಲ್ಲಿ ಮಾರಿಸ್ ರಾಬಿನ್ಸನ್ ಎಂಬವರು 1923ರಲ್ಲಿ ಸ್ಥಾಪಿಸಿದ ಸ್ಕೊಲಾಸ್ಟಿಕ್ ಬಹುಮಾನಗಳಲ್ಲಿ, ಚಿತ್ರವು ಯಾರದೆಂದು ತೀರ್ಪುಗಾರರಿಗೆ ತಿಳಿಯಗೊಡುವದಿಲ್ಲ. ಅವರು ನೋಡುವದು ಸ್ವಂತಿಕೆಯನ್ನು, ಕೈಯ ನೈಪುಣ್ಯವನ್ನು, ಬರೆದವರ ಸ್ವಂತ ದೃಷ್ಟಿಯನ್ನು. ಈ ಮೂರರಲ್ಲಿ ಎರಡನ್ನು ಯಾವ ಮಾಸ್ತರರಿಂದಲೂ ಸಾಲ ತರಲಾಗದು.

ಆದರೆ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ್ದು ಚೆಕ್ ದೇಶದ ಲಿದಿತ್ಸೆ ಎಂಬ ಹಳ್ಳಿಯ ಪ್ರದರ್ಶನವು. 1942ರ ಜೂನ್ 10ರಂದು ನಾಜಿಗಳು ಆ ಹಳ್ಳಿಯ ಗಂಡಸರನ್ನು ಗುಂಡಿಕ್ಕಿ ಕೊಂದರು, ಹೆಂಗಸರನ್ನು ಸೆರೆಶಿಬಿರಕ್ಕೆ ಅಟ್ಟಿದರು, ಮನೆಗಳನ್ನು ಸುಟ್ಟು ಹಳ್ಳಿಯನ್ನು ನೆಲಸಮಮಾಡಿದರು. ತಾಯಂದಿರ ಮಡಿಲಿನಿಂದ ಕಿತ್ತುಕೊಂಡ ಮಕ್ಕಳಲ್ಲಿ 82 ಮಂದಿ ವಿಷವಾಯುವಿನಿಂದ ಸತ್ತರು. ಆ ಮಕ್ಕಳ ಜ್ಞಾಪಕಾರ್ಥವಾಗಿ 1967ರಲ್ಲಿ ಮಕ್ಕಳ ಚಿತ್ರಪ್ರದರ್ಶನವೊಂದು ಆರಂಭವಾಯಿತು. 1973ರಿಂದ ಅದು ಎಲ್ಲ ದೇಶಗಳ ಮಕ್ಕಳಿಗೂ ತೆರೆಯಿತು. 16 ವರ್ಷದವರೆಗಿನವರು ಅದರಲ್ಲಿ ಸೇರಬಹುದು. ನಮ್ಮ ದೇಶದ ಮಕ್ಕಳೂ ಅಲ್ಲಿಗೆ ಚಿತ್ರಗಳನ್ನು ಕಳುಹಿಸಿ ಪದಕಗಳನ್ನು ಪಡೆದಿದ್ದಾರೆ. ಮಕ್ಕಳ ಕೈಗಳೇ ಅಳಿದುಹೋದ ಊರಿಗೆ ಕಳುಹಿಸಬೇಕಾದದ್ದು ಮಗುವಿನ ಕೈಯಿಂದಲೇ ಆದ ಚಿತ್ರವಲ್ಲವೇ? ಅಲ್ಲಿಯೂ ದೊಡ್ಡವರು ತಿದ್ದಿದ ಅಚ್ಚುಕಟ್ಟು ಚಿತ್ರವನ್ನೇ ಕಳುಹಿಸುವದಾದರೆ, ಕಳುಹಿಸದೆ ಇರುವದು ಲೇಸು. ಅಚ್ಚುಕಟ್ಟಾದ ಚಿತ್ರವನ್ನಂತೂ ಈಗ ಯಂತ್ರವೂ ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ.

ಹೀಗಿರಲಾಗಿ ತೀರ್ಪೇ ಬೇಡ, ಎಲ್ಲರಿಗೂ ಒಂದೊಂದು ಬಹುಮಾನ ಹಂಚಿರಿ ಎಂದು ಕನಿಕರವುಳ್ಳ ಕೆಲವರು ಸೂಚಿಸುತ್ತಾರೆ. ಇದಕ್ಕೆ ನಾವು ಒಪ್ಪುವದಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಮುಖಸ್ತುತಿ ಯಾವದು, ಮೆಚ್ಚಿಕೆ ಯಾವದು ಎಂಬದು ಚೆನ್ನಾಗಿ ಗೊತ್ತು. ತನ್ನ ಮನೆತನವನ್ನಾಗಲಿ ಅಂಕಗಳನ್ನಾಗಲಿ ಅರಿಯದ ಅಪರಿಚಿತರೊಬ್ಬರು ತನ್ನ ಚಿತ್ರದ ಮುಂದೆ ನಿಂತು, ಇಲ್ಲಿ ನೀನು ನಿಜವಾಗಿ ನೋಡಿದ್ದೀ, ಇಲ್ಲಿ ನೋಡಲಿಲ್ಲ, ಎಂದು ಹೇಳುವದು ಅವಳಿಗೆ ದೊಡ್ಡ ಗೌರವವೇ ಸರಿ. ಅನೇಕ ಬಾಲಿಕೆಯರಿಗೆ ಅಂಥ ಗೌರವ ಮನೆಯಲ್ಲಿಯೂ ದೊರೆಯುವದಿಲ್ಲ.

ಇನ್ನು ಅಂಕಗಳ ಮಾತು. ಹತ್ತನೆಯ ತರಗತಿಗೆ ಬಂದೊಡನೆ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವ ಮನೆಗಳನ್ನು ನಾವು ಬಲ್ಲೆವು. ತಲಾಂತನ್ನು ನೆಲದಲ್ಲಿ ಹೂಣಿಟ್ಟ ಆಳಿನ ಸಾಮ್ಯವನ್ನು ಭಾನುವಾರ ಕೇಳಿ, ಸೋಮವಾರ ಮಗಳ ಕುಂಚವನ್ನು ಬಚ್ಚಿಡುವವರಿಗೆ ನಾವು ಹೇಳತಕ್ಕದ್ದೇನು? ವಾರಕ್ಕೆ ಎರಡು ತಾಸು ಚಿತ್ರ ಬರೆದದ್ದರಿಂದಲೇ ಅನುತ್ತೀರ್ಣಳಾದ ಹುಡುಗಿಯನ್ನು ನಾವಿನ್ನೂ ಕಂಡಿಲ್ಲ.

ಆದುದರಿಂದ ಈ ವರ್ಷ ಸ್ಪರ್ಧೆಯ ಚಿತ್ರಗಳನ್ನೆಲ್ಲ ಎರಡು ಶನಿವಾರಗಳಲ್ಲಿ ಶಾಲೆಯಲ್ಲಿಯೇ ಬರೆಯಿಸುವದಾಗಿ ಗೊತ್ತುಮಾಡಿದ್ದೇವೆ. ಕಾಗದ, ಬಣ್ಣಗಳು ಶಾಲೆಯವು. ಹೆಸರು ಚಿತ್ರದ ಹಿಂಬದಿಯಲ್ಲಿ ಮಾತ್ರ. ಪ್ರದರ್ಶನ ಮುಗಿಯುವ ತನಕ ಯಾವ ಚಿತ್ರವೂ ಮನೆಗೆ ಹೋಗದು; ಆದರೆ ಬಹುಮಾನ ಬಂದವೂ ಬಾರದವೂ ಎಲ್ಲವೂ ಪ್ರಾರ್ಥನಾಮಂದಿರದ ಪಕ್ಕದ ಸಭಾಂಗಣದಲ್ಲಿ ಒಂದೇ ಸಾಲಿನಲ್ಲಿ ತೂಗಾಡುವವು. ಪೋಷಕರು ಬಂದು ನೋಡಬೇಕು. ಬಹುಮಾನದ ಚೀಟಿಯನ್ನು ಹುಡುಕುವದಕ್ಕಿಂತ ಮುಂಚೆ ಮಗಳನ್ನು, ಇದೇನು ಬರೆದಿದ್ದೀ, ಎಂದು ಕೇಳಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿದವರು ತೀರ್ಪುಗಾರರಾಗಿ ಬರುವದಾದರೆ ತಮ್ಮ ಹೆಸರುಗಳನ್ನು ಕಚೇರಿಗೆ ತಿಳಿಸಿ ಉಪಕರಿಸಬೇಕು. ಸ್ಪರ್ಧೆಯಲ್ಲಿ ತಮ್ಮ ಮಗಳೋ ಅಕ್ಕನ ಮಗಳೋ ಇದ್ದರೆ ಮಾತ್ರ ಆ ವರ್ಷ ದಯವಿಟ್ಟು ಪ್ರೇಕ್ಷಕರಾಗಿಯೇ ಬರಬೇಕು.