ನೀರಿಗಿಲ್ಲದ ಗಡಿ ಪುರಸಭೆಗಳಿಗೇಕೆ?

ಕನ್ನಡನಾಡು ಒಂದಾಗಬೇಕೆಂದು ನಮ್ಮ ಹಿರಿಯರು ಹಂಬಲಿಸಿದ್ದೇತಕ್ಕೆ? ಒಂದೇ ನುಡಿಯನ್ನಾಡಿ ಒಂದೇ ಹೊಳೆಯ ನೀರನ್ನು ಕುಡಿಯುವ ಜನರು ತಮ್ಮ ಸುಖದುಃಖಗಳನ್ನು ತಾವೇ ಒಂದು ಕಡೆಗೆ ಕುಳಿತು ವಿಚಾರಿಸಿಕೊಳ್ಳುವಂತಾಗಲಿ ಎಂಬದಕ್ಕಾಗಿ. 1956ನೆಯ ಇಸವಿಯ ನವಂಬರ 1ರಂದು ಪ್ರಾಂತವು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ಪ್ರಾಂತವು ಒಂದಾದ ಮಾತ್ರಕ್ಕೆ ಊರುಗಳು ಒಂದಾದವೇ? ಈ ಪ್ರಶ್ನೆಯನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಳ, ಗಟಾರ, ರಸ್ತೆಗಳ ಮುಂದಿಟ್ಟು ಇಂದು ನಾವು ಕೇಳಬೇಕಾಗಿದೆ.

ಏಕೀಕರಣಕ್ಕೆ ಮೊದಲು ಕನ್ನಡಿಗರು ಎಷ್ಟು ತುಂಡುಗಳಾಗಿ ಹರಿದು ಹೋಗಿದ್ದರೆಂಬದಕ್ಕೆ ಈ ನಾಲ್ಕು ಊರುಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಜಮಖಂಡಿಯು ಪಟವರ್ಧನರ ಸಂಸ್ಥಾನದ ರಾಜಧಾನಿ, ಮುಧೋಳವು ಘೋರ್ಪಡೆಯವರದು. ಬೀಳಗಿಯು ಬ್ರಿಟಿಶರ ಆಳಿಕೆಯ ವಿಜಾಪುರ ಜಿಲ್ಹೆಗೆ ಸೇರಿದ್ದಿತು. ಇಂದು ಒಂದೇ ಹೆಸರಿನಿಂದ ಕರೆಯಲ್ಪಡುವ ರಬಕವಿ ಬನಹಟ್ಟಿಗಳಲ್ಲಿ ಬನಹಟ್ಟಿಗೆ ಜಮಖಂಡಿಯ ಅರಸರು, ರಬಕವಿಗೆ ಸಾಂಗಲಿಯ ಅರಸರು! ಒಂದೇ ನೂಲಿನ ವ್ಯಾಪಾರ, ಒಂದೇ ಮಗ್ಗದ ಕಸುಬು, ಒಂದೇ ಬೀಗತನ; ಆದರೆ ಕಚೇರಿ ಬೇರೆ, ಕಾಯಿದೆ ಬೇರೆ. 1948ರ ಮಾರ್ಚ ತಿಂಗಳಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಎಂಟು ವರ್ಷಗಳ ತರುವಾಯ ಎಲ್ಲವೂ ಕನ್ನಡದ ಒಂದೇ ಮನೆಗೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಹೆಯು ಹುಟ್ಟಿದಾಗ ನಾಲ್ಕೂ ಅದರಲ್ಲಿಯೇ ಸೇರಿದವು. ಗಡಿಗಳು ಹೀಗೆ ಒಂದೊಂದಾಗಿ ಬಿದ್ದು ಹೋದವು. ಆದರೆ ಯೋಜನೆಗಳ ಕಾಗದದ ಮೇಲೆ ಅವು ಇನ್ನೂ ನಿಂತಿರುವವು.

ನೀರಾದರೋ ಈ ಗಡಿಗಳನ್ನು ಎಂದೂ ಕಂಡಿಲ್ಲ. ಕೃಷ್ಣೆಯು ರಬಕವಿ-ಬನಹಟ್ಟಿಯ ಸೀಮೆಯನ್ನು ದಾಟಿ ಜಮಖಂಡಿಯ ಸೀಮೆಗೆ, ಅಲ್ಲಿಂದ ಬೀಳಗಿಯ ಸೀಮೆಗೆ ಹರಿಯುತ್ತಾಳೆ. ಘಟಪ್ರಭೆಯು ಮುಧೋಳವನ್ನು ತೊಳೆದು ಚಿಕ್ಕಸಂಗಮದಲ್ಲಿ ಅವಳನ್ನು ಕೂಡುತ್ತಾಳೆ. ಬೇಸಗೆಯಲ್ಲಿ ಹೊಳೆ ಬತ್ತಿದರೆ ಎಲ್ಲ ಊರುಗಳಿಗೂ ಒಮ್ಮೆಲೆ ಬಾಯಾರಿಕೆ. ಕೊಯ್ನೆಯಿಂದ ನೀರು ಬಿಡಿರೆಂದು ಮಹಾರಾಷ್ಟ್ರಕ್ಕೆ ಬಿನ್ನಹ. 2019ರ ಆಗಸ್ಟಿನಲ್ಲಿ ಎರಡೂ ಹೊಳೆಗಳು ಉಕ್ಕಿದಾಗ ಮನೆಮಗ್ಗಗಳು ನೀರಲ್ಲಿ ನಿಂತದ್ದು ಒಂದೇ ಊರಿನ ಕಥೆಯಾಗಿರಲಿಲ್ಲ. ಮೇಲಿನ ಊರು ಹೊಳೆಗೆ ಬಿಟ್ಟ ಗಟಾರದ ನೀರೇ ಕೆಳಗಿನ ಊರಿನ ಬಿಂದಿಗೆಗೆ ಬರುವದು. ಹೀಗಿರುವಾಗ ಒಂದೊಂದು ಪುರಸಭೆಯು ತನ್ನ ತನ್ನ ಎಲ್ಲೆಯೊಳಗೆ ಮಾತ್ರ ನೋಡಿ ನೀರಿನ ಯೋಜನೆಯನ್ನು ಹೂಡುವದೆಂದರೆ, ಒಂದೇ ತೊಟ್ಟಿಮನೆಯ ಅಣ್ಣತಮ್ಮಂದಿರು ತಮ್ಮ ತಮ್ಮ ಕೋಣೆಯ ಮೇಲಷ್ಟೇ ಮಾಳಿಗೆಯನ್ನು ಹೊದಿಸಿದಂತಾಗುವದು. (ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿ ಎಂದು ಕಾಯಿದೆಯು ಭೇದವನ್ನೆಣಿಸಿದರೂ ಈ ಲೇಖನದಲ್ಲಿ ನಾವು ಎಲ್ಲವನ್ನೂ ಪುರಸಭೆಯೆಂದೇ ಕರೆಯುವೆವು.)

ಊರಿನ ದೊಡ್ಡ ಕೆಲಸಗಳು ನಮ್ಮಲ್ಲಿ ಹೇಗೆ ಹುಟ್ಟುತ್ತವೆಂಬದನ್ನು ವಾಚಕರು ಸ್ವಲ್ಪ ಲಕ್ಷ್ಯಕೊಟ್ಟು ನೋಡಬೇಕು. ಊರಿಗೆ ಏನು ಬೇಕೆಂದು ಮೊದಲು ವಿಚಾರಿಸಿ, ಅದಕ್ಕೆ ತಕ್ಕಂತೆ ಹಣವನ್ನು ಹುಡುಕುವದು ಸರಿಯಾದ ದಾರಿ. ನಮ್ಮಲ್ಲಿ ನಡೆಯುವದು ಬಹುತೇಕ ಇದರ ತಿರುವುಮುರುವು. ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಒಂದು ಯೋಜನೆಗೆ ಹೆಸರಿಡುತ್ತಾರೆ; ಅದಕ್ಕೆ ಇಂತಿಷ್ಟು ಹಣವೆಂದು ಗೊತ್ತಾಗುತ್ತದೆ; ಆ ಬಳಿಕ ಪುರಸಭೆಯು ಆ ಹೆಸರಿಗೆ ಒಪ್ಪುವ ಕೆಲಸಗಳ ಯಾದಿಯನ್ನು ಅವಸರದಿಂದ ಬರೆದು ಕಳಿಸುತ್ತದೆ. ರಸ್ತೆಗೆ ಹಣ ಬಂದ ವರ್ಷ ರಸ್ತೆ. ಗಟಾರಕ್ಕೆ ಬಂದ ವರ್ಷ ಆ ಹೊಸ ರಸ್ತೆಯನ್ನೇ ಅಗೆದು ಗಟಾರ. ನಳಕ್ಕೆ ಬಂದ ವರ್ಷ ಮತ್ತೊಮ್ಮೆ ಅಗೆತ. ಹಣವು ಮೂರು ಸಲ ಖರ್ಚಾಯಿತು, ಧೂಳು ಮಾತ್ರ ಊರಿಗೆ ಉಳಿಯಿತು. ಇದಕ್ಕೆ ಯಾವ ಒಬ್ಬ ಅಧಿಕಾರಿಯನ್ನಾಗಲಿ ಸದಸ್ಯನನ್ನಾಗಲಿ ಜರಿದು ಫಲವಿಲ್ಲ. ಕೈಯಲ್ಲಿ ತನ್ನ ಹಣವಿಲ್ಲದವನು ತನ್ನ ಮನಸ್ಸಿನಂತೆ ಮನೆ ಕಟ್ಟಲಾರನು.

ಆ ಹಣವೆಲ್ಲಿ ಹೋಯಿತು? ಹಿಂದೆ ಊರೊಳಗೆ ಬರುವ ಸರಕಿನ ಮೇಲೆ ಜಕಾತಿಯಿದ್ದಿತು. ನೂಲು, ಬಟ್ಟೆ, ಬೆಲ್ಲಗಳ ಪೇಟೆಯ ಊರುಗಳಿಗೆ ವ್ಯಾಪಾರ ಬೆಳೆದಂತೆ ಬೆಳೆಯುವ ಉತ್ಪನ್ನವದು. 1979ರಲ್ಲಿ ಕರ್ನಾಟಕ ಸರಕಾರವು ಅದನ್ನು ತೆಗೆದು ಹಾಕಿತು. ಗಾಡಿಗಳನ್ನು ನಾಕೆಯಲ್ಲಿ ತಡೆದು ಪೀಡಿಸುವ ಆ ಕರವು ಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಅದರ ಬದಲು ಬಂದದ್ದು ಸರಕಾರದ ಅನುದಾನ. ಅಂದಿನಿಂದ ಪುರಸಭೆಯು ಗಳಿಸುವ ಮನೆಯಾಗಿರದೆ ಕೈಯೊಡ್ಡುವ ಮನೆಯಾಯಿತು. ಇಂದು ಅದರ ಸ್ವಂತದ್ದೆಂದರೆ ಮನೆಪಟ್ಟಿ, ನಳದ ಪಟ್ಟಿ, ಅಂಗಡಿಗಳ ಬಾಡಿಗೆ, ಪರವಾನಿಗೆಯ ಫೀಯು, ಇಷ್ಟೇ. ಮೇಲಿನಿಂದ ಬರುವ ಹಣಕ್ಕಾದರೋ ಹಗ್ಗ ಕಟ್ಟಿಯೇ ಇರುವದು. 2021ರಿಂದ 2026ರ ವರೆಗಿನ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ನಮ್ಮಂಥ ಊರುಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಹಾಗೂ ನೈರ್ಮಲ್ಯಗಳಿಗೇ ಮೀಸಲಾಗಿದ್ದಿತು. 2021ರಲ್ಲಿ ಆರಂಭವಾದ ಎರಡನೆಯ ಅಮೃತ ಯೋಜನೆಯು ಒಂದು ಲಕ್ಷಕ್ಕಿಂತ ಕಡಿಮೆ ಜನವಸತಿಯ ಊರುಗಳ ನೀರಿನ ಕೆಲಸಕ್ಕೆ ಕೇಂದ್ರದಿಂದ ಅರ್ಧ ಪಾಲನ್ನು ಒಪ್ಪಿಕೊಂಡಿತು. ಇವು ಒಳ್ಳೆಯ ನೆರವುಗಳೇ, ಇಲ್ಲವೆನ್ನುವದಿಲ್ಲ.

ಆದರೆ ಒಂದು ಮಾತನ್ನು ನಮ್ಮ ಪೌರರು ಮರೆಯಬಾರದು. ಕೊಳವೆಯನ್ನು ಹೂಳುವ ಹಣವನ್ನು ಸರಕಾರವು ಕೊಟ್ಟೀತು. ಆ ಕೊಳವೆಯಲ್ಲಿ ಮೂವತ್ತು ವರ್ಷ ನೀರು ಹರಿಯಿಸುವ ಹಣವನ್ನು ಊರೇ ಕೊಡಬೇಕು. ಪಂಪಿನ ವಿದ್ಯುತ್ತಿನ ಬಿಲ್ಲು, ನೀರು ಶುದ್ಧಮಾಡುವ ಖರ್ಚು, ಒಡೆದ ಕೊಳವೆಯ ದುರಸ್ತಿ, ಕೆಲಸಗಾರರ ಸಂಬಳ, ಇವುಗಳಿಗೆ ಶಂಕುಸ್ಥಾಪನೆಯ ಸಮಾರಂಭವಿಲ್ಲ, ಕಲ್ಲಿನ ಮೇಲೆ ಹೆಸರೂ ಇಲ್ಲ. ಆದ್ದರಿಂದಲೇ ಇವುಗಳನ್ನು ಯಾರೂ ಅಂದಾಜುಪತ್ರಿಕೆಯಲ್ಲಿ ಮೊದಲು ಬರೆಯುವದಿಲ್ಲ. ಯೋಜನೆಯೆಂದರೆ ಕಟ್ಟುವ ಖರ್ಚು ಮತ್ತು ಬಾಳಿಸುವ ಖರ್ಚು ಎರಡೂ ಕೂಡಿದ್ದು. ಎರಡನೆಯದನ್ನು ಲೆಕ್ಕಿಸದೆ ಮೊದಲನೆಯದಕ್ಕೆ ಕೈಹಾಕುವದು, ಮೇವಿಲ್ಲದೆ ಎಮ್ಮೆ ಕೊಂಡಂತೆ.

ಹಾಗಾದರೆ ನಮ್ಮ ಜನರಿಗೆ ಕೂಡಿ ಹಣ ಹಾಕುವದು, ಕೂಡಿ ಕಟ್ಟುವದು ಗೊತ್ತಿಲ್ಲವೇ? ಈ ಪ್ರಶ್ನೆಯನ್ನು ಬೇರೆ ಸೀಮೆಯವರು ಕೇಳಿದರೆ ಸಾಗೀತು, ಜಮಖಂಡಿಯವರು ಕೇಳಬಾರದು. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡವಾಗಿ ಬ್ಯಾರೇಜು ಬೇಕೆಂದು ರೈತರು ಬಹುಕಾಲ ಬೇಡಿದರು. ಸರಕಾರದಿಂದ ಆಗದೆ ಹೋದಾಗ ಕೃಷ್ಣಾ ತೀರ ರೈತ ಸಂಘದವರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವರ್ಗಣಿ ಕೂಡಿಸಿದರು. ಹಣದೊಡನೆ ಬೆವರನ್ನೂ ಸುರಿಸಿದರು. ಸುಮಾರು ಒಂದು ಕೋಟಿ ರೂಪಾಯಿಯ ಖರ್ಚಿನಲ್ಲಿ 1989ರಲ್ಲಿ ಬ್ಯಾರೇಜನ್ನು ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದದ್ದು ಎಷ್ಟು ಯೋಗ್ಯ! ನ್ಯಾಮಗೌಡರು 2018ರಲ್ಲಿ ತೀರಿಕೊಂಡರು, ಕಟ್ಟೆ ನಿಂತಿದೆ. ಒಂದು ಊರಿನವರಲ್ಲ, ತೀರದ ಹಲವು ಹಳ್ಳಿಗಳವರು ಕೂಡಿದ್ದರಿಂದ ಅದು ಸಾಧ್ಯವಾಯಿತೆಂಬದನ್ನು ನಾವು ಒತ್ತಿ ಹೇಳುವೆವು. ಹೊಲಕ್ಕೆ ನೀರು ತರಲು ಹಳ್ಳಿಗರು ಕೂಡಿದರು; ಮನೆಗೆ ನೀರು ತರಲು ಪಟ್ಟಣದವರು ಕೂಡಲಾರರೇ?

ಹೊರಗಿನ ಮೇಲ್ಪಂಕ್ತಿಗಳೂ ಇವೆ. ಇಂಗ್ಲಂಡದ ಬರ್ಮಿಂಗಹ್ಯಾಮ ನಗರದಲ್ಲಿ ಜೋಸೆಫ ಚೇಂಬರ್ಲೇನನು 1873ರಿಂದ 1876ರ ವರೆಗೆ ಪುರಾಧ್ಯಕ್ಷನಾಗಿದ್ದಾಗ, ಖಾಸಗಿ ಕಂಪನಿಗಳ ಕೈಯಲ್ಲಿದ್ದ ಗ್ಯಾಸು ಮತ್ತು ನೀರಿನ ಕಾರಖಾನೆಗಳನ್ನು ನಗರದ ಹೆಸರಿನ ಸಾಲದಿಂದಲೇ ಕೊಂಡುಕೊಂಡನು. ಗ್ಯಾಸಿನ ಲಾಭವು ಊರಿನ ಸುಧಾರಣೆಗೆ ಒದಗಿತು. ನಮ್ಮ ದೇಶದಲ್ಲಿ ಬೆಂಗಳೂರು ನಗರಪಾಲಿಕೆಯು 1997ರಲ್ಲಿ 125 ಕೋಟಿ ರೂಪಾಯಿಯ ಸಾಲಪತ್ರಗಳನ್ನು ಹೊರಡಿಸಿತು. ಮರುವರ್ಷ ಅಹಮದಾಬಾದವು ಸರಕಾರದ ಜಾಮೀನು ಇಲ್ಲದೆಯೇ 100 ಕೋಟಿಯನ್ನು ಎತ್ತಿತು. ಅವು ದೊಡ್ಡ ನಗರಗಳು, ನಮಗೇನು ಎನ್ನಬೇಡಿರಿ. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಪುರಸಭೆಗಳ ನೀರಿನ ಕೆಲಸಕ್ಕಾಗಿ ಕರ್ನಾಟಕದ ಒಂದು ಕೂಡುನಿಧಿಯು 100 ಕೋಟಿ ರೂಪಾಯಿಯ ಸಾಲಪತ್ರಗಳನ್ನು ಮಾರಿತು. ಒಂಟಿಯಾಗಿ ಹೋದರೆ ಸಾಹುಕಾರನು ಕಣ್ಣೆತ್ತಿಯೂ ನೋಡದ ಊರುಗಳು ಕೂಡಿ ಹೋದಾಗ ಸಾಲ ಹುಟ್ಟಿತು. ಆದರೆ ಅಲ್ಲಿಯದೊಂದು ಎಚ್ಚರಿಕೆಯನ್ನೂ ಕಲಿಯಬೇಕು: ಮನೆಯವರಿಂದ ಮುಂಗಡವಾಗಿ ವರ್ಗಣಿಯನ್ನು ಪಡೆದರೂ ನೀರು ಮಾತ್ರ ಬಹು ತಡವಾಗಿ ಬಂದಿತು. ಹಣದ ಉಪಾಯವು ಎಷ್ಟು ಜಾಣತನದ್ದಾದರೂ ಮೂಲದ ನೀರು ಖಾತ್ರಿಯಾಗದಿದ್ದರೆ ಜನರ ನಂಬಿಕೆ ಮುರಿಯುವದು.

ನಮ್ಮ ಸೂಚನೆಯು ಸರಳವಾದದ್ದು. ನಾಲ್ಕನ್ನೂ ಒತ್ತಿ ಒಂದೇ ಪುರಸಭೆ ಮಾಡಿರೆಂದು ನಾವು ಹೇಳುವದಿಲ್ಲ. ಹಾಗೆ ಮಾಡಿದರೆ ಸಣ್ಣ ಊರುಗಳಿಗೆ ಸಿಕ್ಕುವ ಹೆಚ್ಚಿನ ಪಾಲಿನ ನೆರವೂ ಕೈಬಿಟ್ಟೀತು. ಪುರಸಭೆಗಳು ಬೇರೆ ಬೇರೆಯಾಗಿಯೇ ಇರಲಿ. ನೀರು, ಗಟಾರದ ನೀರಿನ ಶುದ್ಧೀಕರಣ, ನೆರೆಯ ತಡೆ, ಊರಿಂದೂರಿಗೆ ಹೋಗುವ ರಸ್ತೆ, ಈ ನಾಲ್ಕಕ್ಕೆ ಕೂಡುಯೋಜನೆಯೊಂದಿರಲಿ. ಇದಕ್ಕೆ ಹೊಸ ಕಾಯಿದೆಯನ್ನು ಕಾಯಬೇಕಾಗಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪ್ರತಿ ಜಿಲ್ಹೆಗೂ ಒಂದು ಯೋಜನಾ ಸಮಿತಿಯನ್ನು ವಿಧಿಸಿದೆ. ಪಂಚಾಯತಿ ಪುರಸಭೆಗಳಿಗೆ ಸಮಾನವಾದ ಹಿತಗಳನ್ನು, ಅದರಲ್ಲಿಯೂ ನೀರಿನ ಹಂಚಿಕೆಯನ್ನು, ನೋಡಿ ಯೋಜನೆ ಬರೆಯಬೇಕೆಂದು 243 ಝಡ್‌ಡಿ ವಿಧಿಯಲ್ಲಿ ಬಿಚ್ಚಿ ಹೇಳಿದೆ. ಮೂವತ್ತು ವರ್ಷ ಮೀರಿ ಆ ಅಕ್ಷರಗಳು ನಮ್ಮ ದಾರಿ ಕಾಯುತ್ತಲಿವೆ. ನಾಲ್ಕೂ ಪುರಸಭೆಗಳು ಒಂದೇ ಪಾಠದ ಠರಾವನ್ನು ಪಾಸು ಮಾಡಲಿ. ಇಪ್ಪತ್ತು ವರ್ಷಗಳ ಬೇಡಿಕೆಯನ್ನು ಒಂದೇ ಕಡೆಗೆ ಅಳೆಯಲಿ. ಕಟ್ಟುವ ಖರ್ಚನ್ನೂ ಬಾಳಿಸುವ ಖರ್ಚನ್ನೂ ಎದುರುಬದುರು ಬರೆಯಲಿ. ಆ ಒಂದೇ ಪತ್ರವನ್ನು ಹಿಡಿದು ಬೆಂಗಳೂರಿಗೆ ಹೋಗಲಿ. 2011ರ ಗಣತಿಯಂತೆ ರಬಕವಿ-ಬನಹಟ್ಟಿಯಲ್ಲಿ ಸುಮಾರು 77 ಸಾವಿರ, ಜಮಖಂಡಿಯಲ್ಲಿ ಸುಮಾರು 69 ಸಾವಿರ, ಮುಧೋಳದಲ್ಲಿ ಸುಮಾರು 52 ಸಾವಿರ ಜನ. ಬೀಳಗಿಯೂ ಕೂಡಿದರೆ ಎರಡು ಲಕ್ಷವನ್ನು ಮೀರುವದು. ನಾಲ್ಕು ಬಡ ಅರ್ಜಿಗಳಿಗಿಲ್ಲದ ತೂಕ ಎರಡು ಲಕ್ಷ ಜನರ ಒಂದು ದನಿಗೆ ಬರುವದು.

ಇದಕ್ಕೆ ಆಕ್ಷೇಪಗಳು ಬಾರದೆ ಇರವು. ದೊಡ್ಡ ಊರುಗಳು ಬೀಳಗಿಯನ್ನು ನುಂಗಿ ನೀರು ಕುಡಿಯುವವೆಂದು ಕೆಲವರು ಅಂಜುವರು. ಅಂಜಿಕೆ ನ್ಯಾಯವಾದದ್ದೇ, ಆದ್ದರಿಂದ ಖರ್ಚಿನ ಪಾಲು ಜನಸಂಖ್ಯೆಯಂತೆ, ಮಾತಿನ ಪಾಲು ಸರಿಸಮನಾಗಿ ಇರತಕ್ಕದ್ದೆಂದು ಮೊದಲೇ ಬರೆದುಕೊಳ್ಳಬೇಕು. ನೇಕಾರನು ನೂಲಿನ ಬೆಲೆಗೇ ಸೋತಿರುವಾಗ ಹೆಚ್ಚಿನ ಪಟ್ಟಿಯನ್ನು ಹೇಗೆ ತೆತ್ತಾನು ಎಂದು ಇನ್ನು ಕೆಲವರು ಕೇಳುವರು. ಅವನ ಬಿಂದಿಗೆಗೂ ಸಿರಿವಂತನ ತೋಟಕ್ಕೂ ಒಂದೇ ದರವೆಂದು ಯಾರೂ ಹೇಳಿಲ್ಲ; ಬಳಕೆ ಏರಿದಂತೆ ದರವೂ ಏರಲಿ. ನಳಕ್ಕೆ ನೀರು ಬಾರದ ದಿನ ದುಡಿಮೆ ಬಿಟ್ಟು ಕೊಡ ಹಿಡಿದು ನಿಲ್ಲುವ ನೇಕಾರನ ಹೆಂಡತಿ ಇಂದು ತೆರುತ್ತಿರುವ ಪಟ್ಟಿಯನ್ನು ಯಾವ ರಸೀದಿಯೂ ತೋರಿಸುವದಿಲ್ಲ. ಮೂರನೆಯ ಆಕ್ಷೇಪವು ಎಲ್ಲಕ್ಕೂ ಗಟ್ಟಿಯಾದದ್ದು: ಪುರಸಭೆಗಳೇ ನೆಟ್ಟಗಿಲ್ಲದಿರುವಾಗ ಕೂಡುಯೋಜನೆಯನ್ನು ನಡೆಯಿಸುವವರಾರು? 2018ರಲ್ಲಿ ಚುನಾವಣೆಗಳಾದ ಮೇಲೆಯೂ ಅಧ್ಯಕ್ಷ ಪದವಿಯ ಮೀಸಲಾತಿಯ ವ್ಯಾಜ್ಯದಿಂದಾಗಿ ರಾಜ್ಯದ ಅನೇಕ ಪುರಸಭೆಗಳು 2020ರ ವರೆಗೂ ಅಧ್ಯಕ್ಷರಿಲ್ಲದೆಯೇ ಇದ್ದದ್ದನ್ನು ನಾವು ಬಲ್ಲೆವು. ಆದರೆ ಈ ರೋಗಕ್ಕೆ ಮದ್ದು ಪುರಸಭೆಯ ಕಡೆಗೆ ಬೆನ್ನು ತಿರುಗಿಸುವದಲ್ಲ. ತನ್ನ ಹಣವು ಅಲ್ಲಿ ಇದೆಯೆಂದು ಪೌರನಿಗೆ ಗೊತ್ತಾದ ದಿನ ಅವನು ಲೆಕ್ಕ ಕೇಳುವನು. ಲೆಕ್ಕ ಕೇಳುವ ಊರಿನಲ್ಲಿ ಕುರ್ಚಿ ಬಹುದಿನ ಬರಿದಾಗಿರಲಾರದು.

ಆದುದರಿಂದ ನಮ್ಮ ಬಿನ್ನಹವು ಮೊದಲು ಊರಿನ ಪೌರರಿಗೆ: ಮನೆಪಟ್ಟಿಯನ್ನು ಸಕಾಲಕ್ಕೆ ತೆತ್ತು, ಅದರ ಮರುದಿನವೇ ಅಂದಾಜುಪತ್ರಿಕೆಯ ಪ್ರತಿಯನ್ನು ಕೇಳಿರಿ. ತೆರದವನಿಗೆ ಕೇಳುವ ಬಾಯಿಲ್ಲ. ತೆತ್ತೂ ಕೇಳದವನಿಗೆ ದೂರುವ ಹಕ್ಕಿಲ್ಲ. ಎರಡನೆಯದಾಗಿ ಶಾಲಾಮಾಸ್ತರರಿಗೆ: ಪುರಸಭೆಯ ಜಮಾಖರ್ಚಿಗಿಂತ ಒಳ್ಳೆಯ ಲೆಕ್ಕದ ಪುಸ್ತಕ ನಿಮ್ಮ ಹುಡುಗರಿಗೆ ಸಿಗಲಾರದು; ಊರಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಅದಕ್ಕೆ ಯಾರು ಹಣ ತೆರುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕರೀಹಲಗೆಯ ಮೇಲೆ ಬರೆಯಿರಿ. ಕಡೆಯದಾಗಿ ನಾಲ್ಕೂ ಪುರಸಭೆಗಳ ಸದಸ್ಯರಿಗೆ: ಮುಂದಿನ ಅಂದಾಜುಪತ್ರಿಕೆ ಮಂಡನೆಯಾಗುವ ಮೊದಲು ಒಂದು ದಿನ ಕೂಡಿ ಕುಳಿತುಕೊಳ್ಳಿರಿ. ಅರಸರ ಕಾಲದ ನಾಲ್ಕು ಧ್ವಜಗಳು ಇಳಿದು ಎಷ್ಟೋ ಕಾಲವಾಯಿತು. ಚಿಕ್ಕಸಂಗಮದಲ್ಲಿ ಎರಡು ಹೊಳೆಗಳು ಯಾವ ಠರಾವೂ ಇಲ್ಲದೆ ದಿನವೂ ಕೂಡುತ್ತಲಿವೆ. ಅವುಗಳ ನೀರನ್ನು ಕುಡಿಯುವ ನಾವು ಒಂದು ಠರಾವು ಮಾಡಿಯಾದರೂ ಕೂಡೋಣ.