ಯುಕುಲೇಲೆಗೂ ಬಂತೇ ಉಗುರಿನ ಮಡಿ?

ಸಂಗೀತದ ಮಡಿ ಎಂದಕೂಡಲೇ ನಮಗೆ ನೆನಪಾಗುವುದು ಹಳೆಯ ಜಗಳಗಳು. ಯಾರು ಹಾಡಬೇಕು, ಎಲ್ಲಿ ಕೂತು ಹಾಡಬೇಕು, ಯಾರ ಮುಂದೆ ಹಾಡಬೇಕು. ಈ ಬಗ್ಗೆ ಬೇಕಾದಷ್ಟು ಓದಿದ್ದೇವೆ, ವಿಚಾರ ಸಂಕಿರಣಗಳಲ್ಲಿ ಚಪ್ಪಾಳೆ ತಟ್ಟಿದ್ದೇವೆ. ಅದೇ ಮಡಿ ಈಗ ಸಣ್ಣದಾಗಿ, ಯಾರ ಗಮನಕ್ಕೂ ಬಾರದ ಹಾಗೆ, ಬೆರಳ ತುದಿಗೆ ಬಂದು ಕೂತಿದೆ. ‘ಯುಕುಲೇಲೆ ಕಲಿಯಬೇಕೇ? ಮೊದಲು ಬಲಗೈ ಉಗುರು ಬೆಳೆಸಿ’ ಎನ್ನುವ ಉಪದೇಶ ಅದರ ಹೊಸ ರೂಪ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ನೀವು ಕೇಳಬಹುದು. ಎರಡು ಕಾರಣಕ್ಕೆ. ಒಂದು, ಈ ಉಪದೇಶ ಆ ವಾದ್ಯದ ಮಟ್ಟಿಗೆ ತಪ್ಪು. ಇನ್ನೊಂದು, ಅದು ಕೆಲಸ ಮಾಡುವ ಕೈಗಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಮೊದಲನೆಯದು ಬರೀ ಅಜ್ಞಾನವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಎರಡನೆಯದರ ಬಗ್ಗೆ ಸುಮ್ಮನಿರುವುದು ಕಷ್ಟ.

ಪಿಎಚ್.ಡಿ. ಮಾಡುತ್ತಾ ಹಾಸ್ಟೆಲಿನಲ್ಲಿರುವ ನಾವು ನಾಲ್ಕೈದು ಮಂದಿ ಸಂಜೆ ಸೇರಿ ಯುಕುಲೇಲೆ ನುಡಿಸುತ್ತೇವೆ. ಗುಂಪಿಗೆಲ್ಲ ಸೇರಿ ಎರಡೇ ವಾದ್ಯ. ಬೆಲೆ ಕಡಿಮೆ, ಕಪಾಟಿನ ಮೇಲೆ ಹಿಡಿಯುತ್ತದೆ, ಪಕ್ಕದ ಕೋಣೆಯವರ ಓದು ಕೆಡಿಸುವಷ್ಟು ಸದ್ದೂ ಇಲ್ಲ. ನಮ್ಮ ಜೊತೆಗಿದ್ದ ಎಂ.ಎ. ಹುಡುಗಿಯೊಬ್ಬಳು, ಮಲೆನಾಡಿನ ಅಡಿಕೆ ಸೀಮೆಯವಳು, ಇನ್ನೂ ಚೆನ್ನಾಗಿ ಕಲಿಯುವ ಆಸೆಯಿಂದ ಊರಿನಲ್ಲಿದ್ದ ಒಂದು ತರಗತಿಗೆ ಸೇರಿದಳು. ಮೊದಲ ದಿನವೇ ಮೇಷ್ಟರು ಅವಳ ಕೈ ನೋಡಿ, ‘ಈ ಬೆರಳಲ್ಲಿ ಟೋನ್ ಬರಲ್ಲ, ಉಗುರು ಬೆಳೆಸಿಕೊಂಡು ಬನ್ನಿ’ ಎಂದರಂತೆ. ಅವಳು ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: ‘ಅಕ್ಕಾ, ರಜೆಗೆ ಊರಿಗೆ ಹೋದ್ರೆ ಅಡಿಕೆ ಸುಲಿಯೋದು ಇರತ್ತೆ. ಉಗುರು ಎಲ್ಲಿಂದ ಉಳಿಯತ್ತೆ?’ ಅವಳು ಮತ್ತೆ ಆ ತರಗತಿಗೆ ಹೋಗಲಿಲ್ಲ. ಕಟ್ಟಿದ ಫೀಸು ವಾಪಸ್ ಬರಲಿಲ್ಲ.

ಆ ಮೇಷ್ಟರು ಕೆಟ್ಟವರೇನಲ್ಲ. ಎಲ್ಲೋ ಕೇಳಿದ್ದನ್ನು ಹಾಗೆಯೇ ದಾಟಿಸಿದ್ದಾರೆ. ಆದ್ದರಿಂದ ನನ್ನ ಜಗಳ ಅವರ ಜೊತೆಗಲ್ಲ, ಆ ಮಾತಿನ ಜೊತೆ. ಅದು ಎಷ್ಟು ನಿಜ ಎಂದು ವಾದ್ಯವನ್ನೇ ಕೇಳೋಣ.

ಎಡಗೈಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ತಕರಾರೇ ಇಲ್ಲ. ಸೊಪ್ರಾನೊ ಯುಕುಲೇಲೆಯ ಕುತ್ತಿಗೆ ತುದಿಯಲ್ಲಿ ಸುಮಾರು 35 ಮಿಲಿಮೀಟರ್ ಅಗಲ. ಅಷ್ಟರಲ್ಲಿ ನಾಲ್ಕು ತಂತಿಗಳು. ಶಾಸ್ತ್ರೀಯ ಗಿಟಾರಿನಲ್ಲಿ ಇದೇ ಅಗಲ ಸುಮಾರು 52 ಮಿಲಿಮೀಟರ್. ಜಾಗ ಇಷ್ಟು ಇಕ್ಕಟ್ಟಾಗಿರುವಾಗ ಬೆರಳನ್ನು ಮಲಗಿಸಿ ಒತ್ತಿದರೆ ಪಕ್ಕದ ತಂತಿಗೆ ತಾಗುತ್ತದೆ, ಅದರ ಸದ್ದು ಸಾಯುತ್ತದೆ. ಹಾಗಾಗಿ ಬೆರಳನ್ನು ನೆಟ್ಟಗೆ ನಿಲ್ಲಿಸಿ ತುದಿಯಿಂದ ಒತ್ತಬೇಕು. ಉಗುರು ಬೆರಳ ತುದಿಯನ್ನು ದಾಟಿ ಬಂದಿದ್ದರೆ ಮಾಂಸಕ್ಕಿಂತ ಮೊದಲು ಅದೇ ಮರಕ್ಕೆ ತಾಗುತ್ತದೆ. ತಂತಿ ಪೂರ್ತಿ ಒತ್ತುವುದಿಲ್ಲ, ನಾದದ ಬದಲು ಜರ್ ಎನ್ನುವ ಸದ್ದು ಬರುತ್ತದೆ, ಮರದ ಮೇಲೆ ಗೀರು ಬೀಳುತ್ತದೆ. ಎಡಗೈ ಉಗುರು ಚಿಕ್ಕದಾಗಿರಲೇಬೇಕು. ಇದು ವಾದ್ಯದ ರಚನೆಯೇ ಹಾಕಿದ ನಿಯಮ, ಬಡವ ಬಲ್ಲಿದ ಎಲ್ಲರಿಗೂ ಒಂದೇ.

ಬಲಗೈಗೆ ಬರೋಣ. ಯುಕುಲೇಲೆಯ ಜೀವಾಳ ಮೀಟುವುದಕ್ಕಿಂತ ಸವರಿ ಹೊಡೆಯುವುದರಲ್ಲಿದೆ. ತೋರುಬೆರಳನ್ನು ಸ್ವಲ್ಪ ಮಡಚಿ, ಕುತ್ತಿಗೆ ಮತ್ತು ಒಡಲು ಸೇರುವ ಜಾಗದ ಹತ್ತಿರ ಮಣಿಕಟ್ಟಿನಿಂದ ಮೇಲೆ ಕೆಳಗೆ ಆಡಿಸುತ್ತೇವೆ. ಕೆಳಗೆ ಹೋಗುವಾಗ ತಂತಿಗೆ ತಾಗುವುದು ಉಗುರಿನ ಬೆನ್ನು. ಮೇಲೆ ಬರುವಾಗ ತಾಗುವುದು ಬೆರಳ ತುದಿಯ ಮಾಂಸ. ಒಂದು ಗಟ್ಟಿ, ಒಂದು ಮೆದು. ಆ ಲಯದ ಸೊಗಸು ಹುಟ್ಟುವುದೇ ಈ ವ್ಯತ್ಯಾಸದಿಂದ. ಈಗ ನಿಮ್ಮ ಬೆರಳು ನೋಡಿಕೊಳ್ಳಿ. ನಿನ್ನೆಯಷ್ಟೇ ಉಗುರು ಕತ್ತರಿಸಿದ್ದರೂ ಉಗುರಿನ ಬೆನ್ನು ಅಲ್ಲಿಯೇ ಇದೆ. ಪಾತ್ರೆ ತಿಕ್ಕಿದ ಕೈಯಲ್ಲೂ ಇದೆ, ಅಡಿಕೆ ಸುಲಿದ ಕೈಯಲ್ಲೂ ಇದೆ. ಬೆಳೆಸಿದ ಉಗುರಾದರೋ ಮೇಲೆ ಬರುವಾಗ ತಂತಿಗೆ ಸಿಕ್ಕಿಹಾಕಿಕೊಂಡು ಲಯವನ್ನೇ ತಡೆಯುತ್ತದೆ.

‘ಆದರೆ ಒಂದೊಂದೇ ತಂತಿ ಮೀಟುವಾಗ?’ ಎಂಬುದು ನ್ಯಾಯವಾದ ಪ್ರಶ್ನೆ. ಆಗ ಉಗುರಿನಿಂದ ಉಪಯೋಗ ಇದೆ, ನಾನು ಇಲ್ಲ ಎನ್ನುವುದಿಲ್ಲ. ಸದ್ದು ಹೆಚ್ಚು ಸ್ಪಷ್ಟ, ಹೆಚ್ಚು ಹೊಳಪು. ವೇದಿಕೆಯ ಮೇಲೆ ಒಬ್ಬರೇ ನುಡಿಸುವವರು ಅದನ್ನು ಬಯಸಿದರೆ ತಪ್ಪಿಲ್ಲ. ಆದರೆ ಯುಕುಲೇಲೆಯ ತಂತಿ ಸಾಮಾನ್ಯವಾಗಿ ನೈಲಾನಿನದು ಅಥವಾ ಅಂಥದೇ ಮೆದು ವಸ್ತುವಿನದು. ಬಿಗಿತವೂ ಕಡಿಮೆ. ಉಕ್ಕಿನ ತಂತಿಯ ಹಾಗೆ ಬೆರಳನ್ನು ಕೊಯ್ಯುವುದಿಲ್ಲ. ಬರಿ ಬೆರಳಲ್ಲಿ ಮೀಟಿದರೆ ದುಂಡಗಿನ, ಬೆಚ್ಚಗಿನ ನಾದ ಬರುತ್ತದೆ. ಅದು ಬೇರೊಂದು ನಾದ. ಬೇರೆಯಾಗಿರುವುದನ್ನು ಕೀಳು ಎಂದು ಕರೆಯುವುದು ನಮ್ಮ ಹಳೆಯ ಚಾಳಿ, ಸಾಹಿತ್ಯದ ವಿದ್ಯಾರ್ಥಿಗಳಾದ ನಮಗಂತೂ ಅದು ಚೆನ್ನಾಗಿ ಗೊತ್ತು.

ಗಿಟಾರಿನ ಪರಂಪರೆಯನ್ನು ಮುಂದಿಟ್ಟು ಬಾಯಿ ಮುಚ್ಚಿಸುವವರಿದ್ದಾರೆ. ‘ದೊಡ್ಡವರೆಲ್ಲ ಉಗುರಿನಲ್ಲೇ ನುಡಿಸಿದ್ದು’ ಎನ್ನುತ್ತಾರೆ. ಆ ಪರಂಪರೆಯನ್ನೇ ಸ್ವಲ್ಪ ತೆರೆದು ನೋಡಿ. ಸ್ಪೇನಿನ ಫೆರ್ನಾಂದೊ ಸೋರ್ ಬರಿ ಬೆರಳಿನಲ್ಲಿ ನುಡಿಸುತ್ತಿದ್ದರು. 1830ರಲ್ಲಿ ಪ್ರಕಟವಾದ ತಮ್ಮ ಪಾಠಪುಸ್ತಕದಲ್ಲಿ ಉಗುರಿನ ವಾದನದ ಬಗ್ಗೆ ಅವರು ಖಾರವಾಗಿಯೇ ಬರೆದರು. ಅದರಿಂದ ವಿನಾಯಿತಿ ಸಿಕ್ಕಿದ್ದು ಗೆಳೆಯ ದಿಯೊನಿಸಿಯೊ ಅಗ್ವಾದೊಗೆ. ಅಗ್ವಾದೊ ಉಗುರಿನ ಪಕ್ಷದವರು. ಭಿನ್ನಾಭಿಪ್ರಾಯ ಇಟ್ಟುಕೊಂಡೇ ಸೋರ್ ಇಬ್ಬರು ಕೂಡಿ ನುಡಿಸಲೆಂದು ಒಂದು ಕೃತಿ ರಚಿಸಿದರು, ಅದರ ಹೆಸರಿನ ಅರ್ಥವೇ ‘ಇಬ್ಬರು ಗೆಳೆಯರು’. ಮುಂದೆ ಫ್ರಾನ್ಸಿಸ್ಕೊ ತಾರೆಗಾ ತಮ್ಮ ಕೊನೆಯ ವರ್ಷಗಳಲ್ಲಿ ಉಗುರು ಕತ್ತರಿಸಿಕೊಂಡು ಬರಿ ಬೆರಳಿಗೆ ಬಂದರು. ಅವರ ಶಿಷ್ಯ ಎಮಿಲಿಯೊ ಪುಜೋಲ್ ಅದೇ ದಾರಿ ಹಿಡಿದು, ಈ ಎರಡು ನಾದಗಳ ಸಂದಿಗ್ಧದ ಮೇಲೆಯೇ ಬರೆದರು. ಇಪ್ಪತ್ತನೆಯ ಶತಮಾನದಲ್ಲಿ ಆಂದ್ರೆಸ್ ಸೆಗೋವಿಯಾ ಉಗುರು ಮತ್ತು ಮಾಂಸ ಎರಡನ್ನೂ ಕೂಡಿಸಿದರು, ಅವರ ಕೀರ್ತಿಯ ಜೊತೆ ಅವರ ಪದ್ಧತಿಯೂ ಹರಡಿತು. ಅಂದರೆ ಪರಂಪರೆ ಕೊಟ್ಟಿದ್ದು ಒಂದು ಚರ್ಚೆಯನ್ನು. ನಾವು ಅದರ ಒಂದು ಪಕ್ಷವನ್ನು ಮಾತ್ರ ಹೆಕ್ಕಿಕೊಂಡು, ಗಿಟಾರಿಗೆ ಹೇಳಿದ್ದನ್ನು ಯುಕುಲೇಲೆಗೆ ಅಂಟಿಸಿ, ಶಾಸನ ಮಾಡಿದ್ದೇವೆ.

ಉಗುರು ನಿಜವಾಗಿಯೂ ಬೇಕಾದ ವಾದ್ಯಗಳಿವೆ. ಸರೋದ್ ನೋಡಿ. ಅದರಲ್ಲಿ ಮೆಟ್ಟಿಲುಗಳಿಲ್ಲ, ನುಣುಪಾದ ಲೋಹದ ಹಾಳೆಯ ಮೇಲೆ ತಂತಿ. ಎಡಗೈ ಉಗುರಿನ ಅಂಚಿನಿಂದ ಒತ್ತಿ ಜಾರಿಸಿದಾಗ ಆ ಉದ್ದನೆಯ, ಲೋಹದ ಹೊಳಪಿನ ಮೀಂಡ್ ಹೊರಡುತ್ತದೆ. ತಂತಿ ಉಗುರನ್ನು ಕೊರೆಯುತ್ತದೆ, ಅದನ್ನು ಮತ್ತೆ ಮತ್ತೆ ಉಜ್ಜಿ ಸರಿಮಾಡಿಕೊಳ್ಳಬೇಕಾಗುತ್ತದೆ. ಕನ್ನಡದ ಓದುಗರಿಗೆ ರಾಜೀವ ತಾರಾನಾಥರ ಹೆಸರು ಹೇಳಿದರೆ ಸಾಕು. ಇಂಗ್ಲಿಷ್ ಸಾಹಿತ್ಯದ ಮೇಷ್ಟರು, ವಿಮರ್ಶಕರು, ಅಲಿ ಅಕ್ಬರ್ ಖಾನರ ಶಿಷ್ಯರು. 2024ರಲ್ಲಿ ಅವರು ತೀರಿಕೊಂಡಾಗ ನಾವು ಸಾಹಿತ್ಯ ವಿಭಾಗದವರೂ ಶೋಕಸಭೆ ಮಾಡಿದೆವು. ಅಂಥವರ ಕೈಯಲ್ಲಿ ಉಗುರು ಒಂದು ಉಪಕರಣ, ನೇಗಿಲಿನ ಗುಳ ಇದ್ದ ಹಾಗೆ. ಅದನ್ನು ಯಾರು ಪ್ರಶ್ನಿಸುತ್ತಾರೆ?

ಇನ್ನೊಂದು ಕಡೆ ನೋಡಿದರೆ, ನಮ್ಮ ಸಿತಾರ್ ವಾದಕರು ತಂತಿಯಿಂದ ಮಾಡಿದ ಮಿಜರಾಬನ್ನು ಬೆರಳಿಗೆ ತೊಡುತ್ತಾರೆ. ವೀಣೆಯಲ್ಲಿ ಸ್ವಂತ ಉಗುರಿನಿಂದ ಮೀಟುವವರೂ ಇದ್ದಾರೆ, ಲೋಹದ ಉಗುರು ತೊಡುವವರೂ ಇದ್ದಾರೆ. ಈ ತೊಡುವ ಉಗುರಿನಲ್ಲಿ ದೊಡ್ಡ ವಿವೇಕವಿದೆ. ನುಡಿಸುವಾಗ ಹಾಕಿಕೊಳ್ಳಬಹುದು, ಕೆಲಸಕ್ಕೆ ಹೋಗುವಾಗ ಕಳಚಿಡಬಹುದು. ಯುಕುಲೇಲೆಗೂ ಅಂಥದೊಂದಿದೆ: ಉಣ್ಣೆಯನ್ನು ಒತ್ತಿ ಮಾಡಿದ ಮೆತ್ತನೆಯ ಫೆಲ್ಟ್ ಪಿಕ್. ಉಗುರು ಬೆಳೆಸಲು ಹೇಳುವವರು ಇದನ್ನು ಯಾಕೆ ಹೇಳುವುದಿಲ್ಲವೋ!

ಈಗ ಈ ವಾದ್ಯ ಯಾರ ಕೈಯಿಂದ ಬಂತು ಎಂಬುದನ್ನು ನೆನೆಯಬೇಕು. 1879ರ ಆಗಸ್ಟ್ 23ರಂದು ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು ಹವಾಯಿಯ ಹೊನೊಲುಲು ಬಂದರಿಗೆ ಬಂತು. ಅದರಲ್ಲಿದ್ದ ನಾನೂರಕ್ಕೂ ಹೆಚ್ಚು ಜನ ಬಂದದ್ದು ಕಬ್ಬಿನ ತೋಟಗಳ ದುಡಿಮೆಗಾಗಿ. ಅವರ ಜೊತೆ ಮಚೇಟೆ ಎಂಬ ಪುಟ್ಟ ತಂತಿವಾದ್ಯವೂ ಬಂತು. ಆ ಹಡಗಿನಲ್ಲಿದ್ದ ಮಾನುಯೆಲ್ ನೂನೆಸ್, ಅಗುಸ್ತೊ ದಿಯಾಸ್, ಜೊಸೆ ದೊ ಎಸ್ಪಿರಿತೊ ಸಾಂತೊ ಎಂಬ ಮೂವರು ಮರಗೆಲಸದವರು ಹೊನೊಲುಲುವಿನಲ್ಲಿ ಅಂಗಡಿ ಇಟ್ಟು ಈ ವಾದ್ಯವನ್ನು ಮಾಡತೊಡಗಿದರು. ಅಲ್ಲಿನ ಕೋವಾ ಮರ ಅದರ ಒಡಲಾಯಿತು, ಕಲಾಕೌವಾ ದೊರೆ ಅದನ್ನು ಮೆಚ್ಚಿ ಅರಮನೆಗೆ ಕರೆದುಕೊಂಡ. ಹವಾಯಿ ಭಾಷೆಯಲ್ಲಿ ಯುಕುಲೇಲೆ ಎಂದರೆ ‘ಹಾರುವ ಚಿಗಟ’ ಎಂದು ಅರ್ಥ ಹೇಳುತ್ತಾರೆ, ತಂತಿಯ ಮೇಲೆ ಬೆರಳು ಕುಣಿಯುವುದನ್ನು ಕಂಡು ಇಟ್ಟ ಹೆಸರಂತೆ. ಕಬ್ಬಿನ ಕೂಲಿಗೆ ಬಂದವರ, ಉಳಿ ಹಿಡಿದವರ ಜೊತೆ ಕಡಲು ದಾಟಿದ ವಾದ್ಯದ ಮುಂದೆ ನಿಂತು ‘ಕೆಲಸದ ಕೈಗೆ ಟೋನ್ ಬರಲ್ಲ’ ಎನ್ನುವುದಕ್ಕೆ ಏನೆನ್ನಬೇಕು?

ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಒಮ್ಮೆ ಮುರಿದರೆ ವಾರಗಟ್ಟಲೆ ಕಾಯಬೇಕು. ಬೆಳೆದ ಉಗುರನ್ನು ಕಾಪಾಡಿಕೊಳ್ಳಬೇಕೆಂದರೆ ಬಟ್ಟೆ ಒಗೆಯಬಾರದು, ಪಾತ್ರೆ ತೊಳೆಯಬಾರದು, ತೆಂಗಿನಕಾಯಿ ಸುಲಿಯಬಾರದು, ಕಳೆ ಕೀಳಬಾರದು. ಅಂದರೆ ಇವನ್ನೆಲ್ಲ ಮಾಡಿಕೊಡುವ ಇನ್ನೊಂದು ಜೋಡಿ ಕೈ ಮನೆಯಲ್ಲಿರಬೇಕು. ಆ ಇನ್ನೊಂದು ಜೋಡಿ ಕೈ ಯಾರದು ಎಂದು ನಮ್ಮ ಮನೆಗಳಲ್ಲಿ ಕೇಳಬೇಕಾಗಿಯೇ ಇಲ್ಲ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಬೆರಳನ್ನು ನೋಡಿದವರಿಗೆ ಗೊತ್ತು. ಚೊಗರು ಹಿಡಿದು ಕಪ್ಪಾದ ಆ ಉಗುರು ವಾರಗಟ್ಟಲೆ ತೊಳೆದರೂ ಬಿಳಿಯಾಗುವುದಿಲ್ಲ. ಅಂಥ ಮನೆಯ ಹುಡುಗಿಗೆ ಉಗುರು ಬೆಳೆಸಿಕೊಂಡು ಬಾ ಎನ್ನುವುದು ಉಗುರುಸುತ್ತಿನ ಮೇಲೆ ಒನಕೆ ಪೆಟ್ಟು.

ಇದರಲ್ಲಿ ಹೆಣ್ಣು ಗಂಡಿನ ಲೆಕ್ಕವೂ ಇದೆ. ಗಿಟಾರ್ ನುಡಿಸುವ ಹುಡುಗ ಬಲಗೈ ಉಗುರು ಬಿಟ್ಟರೆ ಅದು ಸಾಧನೆ. ಹುಡುಗಿ ಬಿಟ್ಟರೆ ಶೋಕಿ, ‘ಮನೆಗೆಲಸಕ್ಕೆ ಬಗ್ಗುವವಳಲ್ಲ’ ಎಂಬ ಷರಾ. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಕೈ ಚಾಚಿ ಉಗುರು ತೋರಿಸಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಅಲ್ಲಿ ಬೆಳೆದ ಉಗುರಿಗೆ ಸ್ಕೇಲಿನ ಪೆಟ್ಟು, ಇಲ್ಲಿ ಬೆಳೆಯದ ಉಗುರಿಗೆ ಮುಖ ಸಿಂಡರಿಸುವಿಕೆ. ಎರಡೂ ಕಡೆ ಕೈ ನೋಡಿ ಮನುಷ್ಯರನ್ನು ಅಳೆಯುವ ಅಭ್ಯಾಸ ಒಂದೇ.

ಹಾಗಾದರೆ ಉಗುರನ್ನು ಹೇಗೆ ಇಟ್ಟುಕೊಳ್ಳಬೇಕು? ಬರೀ ಬೈದು ಹೋಗುವುದು ನ್ಯಾಯವಲ್ಲ, ಆದ್ದರಿಂದ ಹೇಳುತ್ತೇನೆ. ಎಡಗೈ ಉಗುರನ್ನು ಮಾಂಸದ ಅಂಚಿಗಿಂತ ಒಳಗೇ ಇರುವಂತೆ ಕತ್ತರಿಸಿ, ಆದರೆ ನೋಯುವಷ್ಟು ಒಳಕ್ಕೆ ಬೇಡ. ಬಲಗೈ ಅಂಗೈಯನ್ನು ಮುಖದ ಎದುರು ಹಿಡಿದು ನೋಡಿ. ಬೆರಳ ತುದಿಯ ಹಿಂದಿನಿಂದ ಉಗುರು ಕಾಣಿಸದಿದ್ದರೂ ಸರಿ, ಒಂದು ಮಿಲಿಮೀಟರ್ ಇಣುಕಿದರೂ ಸರಿ. ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಅಂಚು ಒರಟಾಗಿದ್ದರೆ ತಂತಿಗೆ ಸಿಕ್ಕಿ ಕರಕರ ಎನ್ನುತ್ತದೆ. ಬೆರಳ ದುಂಡನ್ನೇ ಅನುಸರಿಸಿ, ಒಂದೇ ದಿಕ್ಕಿನಲ್ಲಿ, ಅತಿ ನಯವಾದ ಉಜ್ಜು ಕಾಗದದಿಂದ ಅಂಚನ್ನು ತೀಡಿ. ನೀರಿನಲ್ಲಿ ನೆಂದ ಉಗುರು ಮೆತ್ತಗಾಗಿರುತ್ತದೆ, ಒಣಗಿದ ಮೇಲೆ ತೀಡುವುದು ಒಳ್ಳೆಯದು. ರಾತ್ರಿ ಮಲಗುವಾಗ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಅಂಟಿಸುವ ಉಗುರು, ಗಟ್ಟಿಯಾಗಿಸುವ ಲೇಪ, ಯಾವುದಕ್ಕೂ ದುಡ್ಡು ಸುರಿಯಬೇಕಾಗಿಲ್ಲ.

ಕಲಿಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಹೊಸಬರು ಬಂದಾಗ ಮೊದಲು ಅವರ ಕೈಗೆ ವಾದ್ಯ ಕೊಡಿ. ಸಿ ಕಾರ್ಡಿಗೆ ಒಂದೇ ಬೆರಳು ಸಾಕು, ಐದು ನಿಮಿಷದಲ್ಲಿ ಸದ್ದು ಹೊರಡುತ್ತದೆ. ಅವರು ಹೇಗೆ ಲಯ ಹಿಡಿಯುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂದು ಕೇಳಿಸಿಕೊಳ್ಳಿ. ವರ್ಷ ಕಳೆದ ಮೇಲೆ ಯಾರಿಗಾದರೂ ಉಗುರಿನ ಹೊಳಪೇ ಬೇಕೆನಿಸಿದರೆ ಅದು ಅವರ ಆಯ್ಕೆ, ಆಗ ಬೆಳೆಸಿಕೊಳ್ಳಲಿ. ಆಯ್ಕೆಯನ್ನು ಪ್ರವೇಶದ ಷರತ್ತು ಮಾಡಬೇಡಿ. ಸಂಜೆ ಏಳರವರೆಗೆ ದುಡಿದು, ಕೈ ತೊಳೆದುಕೊಂಡು ಬಂದವರೂ ಆರಾಮಾಗಿ ನುಡಿಸಬಹುದಾದ ವಾದ್ಯಗಳು ಕಡಿಮೆ. ಯುಕುಲೇಲೆ ಅವುಗಳಲ್ಲೊಂದು. ಅದನ್ನೂ ಅವರಿಂದ ಕಿತ್ತುಕೊಳ್ಳಬೇಡಿ.