ಓಡಿಸಿ ನೋಡದೆ ದೋಣಿ ಕೊಂಡರೆ ಏನಾಯಿತು?

ಹೊಸ ದೋಣಿಗೆ ಮುಂಗಡ ಕೊಡುವ ಮುಂಚೆ ಅದನ್ನು ಓಡಿಸಿ ನೋಡಲೇಬೇಕೆಂಬ ಹಟ ಬೇಡ, ಹಾಗೆ ನೋಡದೆಯೂ ನೆಮ್ಮದಿಯಾಗಿ ಕೊಳ್ಳಬಹುದು ಎಂದು ಹಿಂದೊಮ್ಮೆ ಬರೆದಿದ್ದೆ. ಅದಕ್ಕೆ ಬಂದ ಮಾತುಗಳನ್ನು ಕೇಳಿದರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊಳೆಗೆ ಹಾರಿ ಎಂದು ಊರಿಗೆಲ್ಲ ಸಾರಿದೆನೇನೋ ಅನ್ನಿಸುತ್ತದೆ. ಬೈದವರನ್ನು ಬಿಟ್ಟುಬಿಡೋಣ. ವಾದ ಹೂಡಿದವರಿಗೆ ಉತ್ತರ ಕೊಡಬೇಕಾದದ್ದು ಮರ್ಯಾದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಫೈಬರ್ ಕೆಲಸ ಮಾಡಿಸಿಕೊಂಡು ಬದುಕಿದವನು ನಾನು. ಹಾಗಂತ ದೋಣಿ ಕಟ್ಟುವವರ ಪರವಾಗಿ ವಕಾಲತ್ತು ಹಾಕುತ್ತಿಲ್ಲ. ಮುಂದೆ ಓದಿದರೆ ಅವರಿಗೇ ನನ್ನ ಮೇಲೆ ಸಿಟ್ಟು ಬಂದೀತು.

ಮೈಸೂರಿನವರಿಗೆ ದೋಣಿಯ ಉಸಾಬರಿ ಯಾಕೆ ಎಂದು ಕೇಳಿದವರಿಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ನಂಜನಗೂಡು ಹೆದ್ದಾರಿಯೇ ನೀರಿನಡಿ ಹೋಗಿತ್ತು. ಅದನ್ನು ಮರೆತವರು ಮಾತ್ರ ಈ ಪ್ರಶ್ನೆ ಕೇಳಬಹುದು. ಕಬಿನಿ ಹಿನ್ನೀರಿನ ರೆಸಾರ್ಟುಗಳವರು, ಕನ್ನಂಬಾಡಿ ಹಿನ್ನೀರಿನಲ್ಲಿ ಮೀನು ಹಿಡಿಸುವವರು, ಪ್ರವಾಹಕ್ಕೆಂದು ಬೋಟು ಇಟ್ಟುಕೊಳ್ಳಲೇಬೇಕಾದ ಇಲಾಖೆಗಳು, ಇವರೆಲ್ಲ ಕೊಳ್ಳುವವರೇ. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ, ನೀರಿದೆ.

ಎಲ್ಲರ ಬಾಯಲ್ಲೂ ಬಂದ ಆಕ್ಷೇಪ ಕಾರಿನದು. "ಏನ್ ಸ್ವಾಮಿ, ಎಂಟು ಲಕ್ಷದ ಕಾರನ್ನೇ ರಿಂಗ್ ರೋಡಲ್ಲಿ ಒಂದು ಸುತ್ತು ಹೊಡೀದೆ ತಗೊಳಲ್ಲ, ಅದರಪ್ಪನಂಥ ಬೋಟನ್ನ ಹಂಗೇ ತಗೋಬೇಕಾ?" ಎಂದರು ಸರಸ್ವತಿಪುರಂನ ನಿವೃತ್ತ ಎಂಜಿನಿಯರರೊಬ್ಬರು. ಕಾರಿನ ಮಾತು ಬೇರೆ. ಶೋರೂಮಿನವರು ಓಡಿಸಲು ಕೊಡುವ ಕಾರೂ, ಆಮೇಲೆ ನಿಮ್ಮ ಮನೆ ಮುಂದೆ ನಿಲ್ಲುವ ಕಾರೂ ಒಂದೇ ಸಾಲಿನಲ್ಲಿ, ಯಂತ್ರಗಳ ಕೈಯಲ್ಲಿ ತಯಾರಾದವು. ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದಂತೆಯೇ ಲೆಕ್ಕ. ನಮ್ಮ ಕಡೆ ಮಾರಾಟವಾಗುವ ಸಣ್ಣ ಫೈಬರ್ ದೋಣಿ ಹುಟ್ಟುವುದು ಅಚ್ಚಿನಲ್ಲಿ, ಆಳಿನ ಕೈಯಲ್ಲಿ. ಅಚ್ಚಿಗೆ ಜೆಲ್‌ಕೋಟ್ ಬಳಿದು, ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಸುರಿದು, ರೋಲರಿನಲ್ಲಿ ಗಾಳಿ ತೆಗೆಯುವವನು ಮನುಷ್ಯ. ಆ ದಿನ ಮಳೆಯಿತ್ತೆ, ಗಟ್ಟಿಕಾರಕ ಎಷ್ಟು ಬಿತ್ತು, ನಾಲ್ಕು ಪದರ ಹಾಕಬೇಕಾದಲ್ಲಿ ಮೂರಕ್ಕೇ ಕೈ ತೊಳೆದನೆ, ಇವೆಲ್ಲ ದೋಣಿಯಿಂದ ದೋಣಿಗೆ ಬದಲಾಗುತ್ತವೆ. ಮಾರುವವರು ಓಡಿಸಲು ಕೊಡುವುದು ತೋರಿಸಲೆಂದೇ ಇಟ್ಟ ದೋಣಿ. ನಿಮ್ಮದು ಆಗಿನ್ನೂ ಹುಟ್ಟಿಯೇ ಇರುವುದಿಲ್ಲ.

ಹಾಗೆ ನೋಡಿದರೆ, ಓಡಿಸಿ ನೋಡದೆ ಕೊಂಡು ಬದುಕಿದ ಚರಿತ್ರೆ ಈ ಊರಿಗೇ ಇದೆ. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿ, 1973ರಿಂದ ಯೆಜ್ಡಿ ಎಂಬ ಹೆಸರು ಹೊತ್ತು, 1996ರಲ್ಲಿ ಬಾಗಿಲು ಹಾಕುವವರೆಗೆ ಆ ಗಾಡಿ ಕೊಂಡವರಲ್ಲಿ ಎಷ್ಟು ಮಂದಿ ಅಂಗಡಿಯವರಿಂದ ಕೀ ಇಸಕೊಂಡು ಸುತ್ತು ಹೊಡೆದಿದ್ದರು? ಪಕ್ಕದ ಮನೆಯವರ ಗಾಡಿ ಚಾಮುಂಡಿ ಬೆಟ್ಟ ಹತ್ತುವುದನ್ನು ಕಂಡಿದ್ದರು, ಮೆಕ್ಯಾನಿಕ್‌ನನ್ನು ವಿಚಾರಿಸಿದ್ದರು, ಸಾಕಾಗಿತ್ತು. ಈ ವಿಚಾರಿಸುವ ಬುದ್ಧಿ ಈಗ ಕಡಿಮೆಯಾಗಿ ಹತ್ತು ನಿಮಿಷದ ಸವಾರಿಯ ಮೇಲೆ ನಂಬಿಕೆ ಜಾಸ್ತಿಯಾಗಿದೆ.

ಎರಡನೆಯ ಮಾತು ಕೆ.ಆರ್. ನಗರದ ಕಡೆಯ ರೈತರೊಬ್ಬರದು. ಓಡಿಸಿ ನೋಡದೆ ದೋಣಿ ಕೊಳ್ಳುವುದೆಂದರೆ ಹಲ್ಲು ನೋಡದೆ ಎತ್ತು ಕೊಂಡಂತೆ ಎಂದರು. ಹೋಲಿಕೆ ಚೆನ್ನಾಗಿದೆ, ಆದರೆ ನನ್ನ ಕಡೆಗೇ ವಾಲುತ್ತದೆ. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಗೊರಸು ಎತ್ತಿಸುತ್ತಾರೆ. ಮಾರುವವನ ಹೊಲ ಉತ್ತು ನೋಡಿ ಬೆಲೆ ಕಟ್ಟುವುದಿಲ್ಲವಲ್ಲ! ದೋಣಿಗೂ ಹಲ್ಲು, ಗೊರಸು ಇವೆ. ನೋಡಬೇಕಾದ್ದು ಅವನ್ನು.

ಯಾವುವು ಎಂದರೆ: ಒಡಲಿನ ಉದ್ದಕ್ಕೂ ನಾಣ್ಯದ ಅಂಚಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡ ಕಡೆ ಸದ್ದು ಮಂಕಾಗುತ್ತದೆ. ನೀರು ಹೊರಹಾಕುವ ಪೈಪಿಗೆಂದು ಒಡಲಿನಲ್ಲಿ ತೂತು ಕೊರೆಯುತ್ತಾರೆ. ಆಗ ಉದುರುವ ಬಿಲ್ಲೆಯಂಥ ತುಂಡನ್ನು ಬಿಸಾಡದೆ ಎತ್ತಿಡಿ ಎಂದು ಮೊದಲೇ ಹೇಳಿಟ್ಟಿರಬೇಕು. ನಾನು ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದುದು ಅದನ್ನೇ. ಅಂಗೈಯಲ್ಲಿಟ್ಟುಕೊಂಡು ಪಕ್ಕದಿಂದ ನೋಡಿದರೆ ಎಷ್ಟು ಪದರ, ಎಷ್ಟು ದಪ್ಪ, ರೆಸಿನ್ ಸೇರದೆ ಬೆಳ್ಳಗೆ ಒಣಗಿದ ನಾರು ಎಲ್ಲಿದೆ, ಎಲ್ಲ ಕಾಣುತ್ತದೆ. ಮೂಸಿ ನೋಡಿದಾಗ ಘಾಟು ಇನ್ನೂ ಕಡುವಾಗಿದ್ದರೆ ಒಡಲು ಪೂರ್ತಿ ಹದಕ್ಕೆ ಬಂದಿಲ್ಲ. ಹದ ಅಳೆಯಲು ಬಾರ್ಕೋಲ್ ಎಂಬ ಅಂಗೈಯಗಲದ ಉಪಕರಣವಿದೆ. ಪಾಲಿಯೆಸ್ಟರ್ ರೆಸಿನ್ನಿನ ಒಡಲಿಗೆ ಅದು 40ರ ಆಸುಪಾಸು ತೋರಿಸಬೇಕು. ಖಾಲಿ ಒಡಲನ್ನು ಲಾರಿಗೆ ಹಾಕಿ ವೇಬ್ರಿಡ್ಜಿನಲ್ಲಿ ತೂಗಿಸಿ, ನಕ್ಷೆಯಲ್ಲಿ ಬರೆದ ತೂಕದ ಜೊತೆ ತಾಳೆ ನೋಡಿ. ಎಂಜಿನ್ ಕೂರುವ ಹಿಂಬದಿ ಹಲಗೆಯೊಳಗೆ ಪ್ಲೈವುಡ್ ಇದ್ದರೆ ಅದಕ್ಕೆ ಹೊಡೆದ ಪ್ರತಿ ಬೋಲ್ಟಿನ ತೂತಿಗೂ ಒಳಗಡೆ ರೆಸಿನ್ ಬಳಿದಿದ್ದಾರೆಯೇ ಕೇಳಿ. ಬಳಿಯದಿದ್ದರೆ ಹಲಗೆ ಒಳಗೊಳಗೇ ಕೊಳೆಯುತ್ತದೆ. ಇದ್ಯಾವುದೂ ಓಡಿಸಿದಾಗ ಗೊತ್ತಾಗುವುದಿಲ್ಲ. ಹಲಗೆ ಕೊಳೆಯಲು ಶುರುವಾದ ದೋಣಿ ಕೂಡ ಸವಾರಿಯ ದಿನ ಸೊಗಸಾಗಿಯೇ ಓಡುತ್ತದೆ.

"ಎಂಜಿನ್ ತಾಕತ್ತು ಓಡಿಸಿದಾಗಲೇ ತಿಳಿಯೋದು" ಎಂಬುದು ಎಚ್.ಡಿ. ಕೋಟೆ ಕಡೆಯ ರೆಸಾರ್ಟ್ ವ್ಯವಸ್ಥಾಪಕರೊಬ್ಬರ ವಾದ. ಒಪ್ಪಿದೆ. ಎಲ್ಲಿ ಓಡಿಸಿದಾಗ ಎಂಬುದೇ ಪ್ರಶ್ನೆ. ಇವರು ಹೋಗಿ ನೋಡಿಬರುವುದು ಕೊಚ್ಚಿಯಲ್ಲೋ ಮಂಗಳೂರಿನಲ್ಲೋ, ಸಮುದ್ರಮಟ್ಟದಲ್ಲಿ. ಕಬಿನಿ ಜಲಾಶಯ ಪೂರ್ತಿ ತುಂಬಿದಾಗ ಅದರ ನೀರು ಸಮುದ್ರಮಟ್ಟದಿಂದ 2,284 ಅಡಿ ಮೇಲಿರುತ್ತದೆ. ಸಾದಾ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. ಅಲ್ಲಿ 40 ಅಶ್ವಶಕ್ತಿಯ ಎಂಜಿನ್ ಇಲ್ಲಿ 37ರ ಹತ್ತಿರ ನಿಂತುಬಿಡುತ್ತದೆ. ಅಲ್ಲಿನ ಪ್ರೊಪೆಲ್ಲರನ್ನೇ ಹಾಕಿ ತಂದರೆ ಪೂರ್ತಿ ಥ್ರಾಟಲ್ ಕೊಟ್ಟರೂ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುವುದಿಲ್ಲ. ಎಂಜಿನ್ ಏದುಸಿರು ಬಿಡುತ್ತಲೇ ಸವೆಯುತ್ತದೆ. ಪ್ರೊಪೆಲ್ಲರಿನ ಪಿಚ್ ಒಂದಿಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ, ಸಮಸ್ಯೆ ಮುಗಿಯಿತು. ಇದನ್ನು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಬಹುದು. ಕೊಚ್ಚಿಯ ಸವಾರಿ ಮಾತ್ರ ಇದಕ್ಕೆ ತದ್ವಿರುದ್ಧವಾದ ಭರವಸೆ ಕೊಟ್ಟು ಕಳಿಸುತ್ತದೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ದೋಣಿ ತುಸು ಆಳಕ್ಕೆ ಕೂರುವುದೂ ಉಂಟು, ಸಣ್ಣ ದೋಣಿಗೆ ಅದು ತಲೆಕೆಡಿಸಿಕೊಳ್ಳುವಷ್ಟೇನಲ್ಲ.

"ಹಾಗಾದರೆ ದೋಣಿಯನ್ನೇ ಮೈಸೂರಿಗೆ ತರಿಸಿ ನೋಡಿ" ಎಂದವರೂ ಇದ್ದಾರೆ. ಎಲ್ಲಿ ಇಳಿಸುವುದು? ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದ್ದು, ಎರಡರಲ್ಲೂ ಹಕ್ಕಿಗಳಿವೆ. ಮಾರಾಟವಾಗುತ್ತದೋ ಇಲ್ಲವೋ ಗೊತ್ತಿಲ್ಲದ ಬೋಟಿಗಾಗಿ ಅಲ್ಲಿ ಎಂಜಿನ್ ಗುಡುಗಿಸಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು.

ಈಗ ಭಾರವಾದ ಆಕ್ಷೇಪಕ್ಕೆ ಬರುತ್ತೇನೆ: ಇದು ಜನರ ಜೀವದ ಪ್ರಶ್ನೆ, ದುಡ್ಡಿನದಲ್ಲ. ನಿಜ. ಅದಕ್ಕೇ ತೇಕ್ಕಡಿಯನ್ನು ನೆನೆಯಬೇಕು. 2009ರ ಸೆಪ್ಟೆಂಬರ್ 30ರಂದು ಪೆರಿಯಾರ್ ಜಲಾಶಯದಲ್ಲಿ 'ಜಲಕನ್ಯಕ' ಎಂಬ ಎರಡಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ಹಳೇ ಡಕೋಟ ದೋಣಿಯಲ್ಲ ಅದು. ನೀರಿಗಿಳಿದು ಎರಡು ತಿಂಗಳೂ ಆಗಿರಲಿಲ್ಲ. ಅಷ್ಟೂ ಕಾಲ ಪ್ರವಾಸಿಗರನ್ನು ಹೊತ್ತು ಓಡಾಡಿತ್ತು, ಎಂದರೆ ಹತ್ತು ನಿಮಿಷದ ಸವಾರಿ ಹಾಗಿರಲಿ, ವಾರಗಟ್ಟಲೆ ಓಡಿ ಪಾಸಾಗಿತ್ತು. ದಡದಲ್ಲಿ ಕಾಡುಪ್ರಾಣಿ ಕಂಡು ಜನ ಒಂದೇ ಮಗ್ಗುಲಿಗೆ ನುಗ್ಗಿದರು ಎಂದು ಆಗ ವರದಿಯಾಯಿತು. ಕಬಿನಿಯಲ್ಲೂ ಜನ ದೋಣಿ ಹತ್ತುವುದು ಆನೆ, ಹುಲಿ ನೋಡಲಿಕ್ಕೇ. ಬಲದಂಡೆಯಲ್ಲಿ ಆನೆ ಹಿಂಡು ಕಂಡರೆ ಎಡಗಡೆ ಕೂತವರು ಕೂತೇ ಇರುತ್ತಾರೆಯೆ? ಕೊಳ್ಳುವವರು, ಅವರ ಭಾವಮೈದ, ಮಾರುವವನು, ಚಾಲಕ, ಇಷ್ಟು ಜನ ಕೂತು ಹೊಡೆಯುವ ಸುತ್ತಿನಲ್ಲಿ ಈ ಗಂಡಾಂತರದ ಸುಳಿವು ಸಿಗುವುದು ಸಾಧ್ಯವೇ ಇಲ್ಲ. ಹಗುರ ದೋಣಿ ಚುರುಕಾಗಿ ತಿರುಗುತ್ತದೆ, ಎಲ್ಲರೂ ಖುಷಿಪಡುತ್ತಾರೆ, ಚೆಕ್ ಬರೆಯುತ್ತಾರೆ.

ಸುಳಿವು ಸಿಗುವುದು ಭಾರ ಹೇರಿದಾಗ, ಎಂಜಿನ್ ಕೂರಿಸುವ ಅಗತ್ಯವೂ ಇಲ್ಲದೆ. ತಲೆಗೆ 75 ಕಿಲೋ ಹಿಡಿಯಿರಿ. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನು ತುಂಬಿದರೆ 20 ಕಿಲೋ ಚಿಲ್ಲರೆ, ಆದ್ದರಿಂದ ಒಬ್ಬ ಪ್ರಯಾಣಿಕನಿಗೆ ನಾಲ್ಕು ಕ್ಯಾನು. ಹನ್ನೆರಡು ಜನರ ದೋಣಿಗೆ ನಲವತ್ತೆಂಟು. ಅವನ್ನೆಲ್ಲ ಒಂದೇ ಮಗ್ಗುಲಿಗೆ ಸಾಲಾಗಿ ಜೋಡಿಸಿ, ಆ ಕಡೆಯ ಅಂಚು ನೀರಿನಿಂದ ಎಷ್ಟು ಮೇಲೆ ಉಳಿಯಿತು ಎಂದು ಟೇಪಿನಲ್ಲಿ ಅಳೆಯಿರಿ. ಸಣ್ಣ ದೋಣಿಗಳ ಸ್ಥಿರತೆಗೆಂದೇ ಇರುವ ಐಎಸ್‌ಒ 12217 ಮಾನದಂಡದಲ್ಲೂ ಒಂದು ಬದಿಗೆ ಭಾರ ಸರಿಸಿ ನೋಡುವ ಪರೀಕ್ಷೆ ಇದೆ. ಕಟ್ಟುವವರ ಅಂಗಳದ ಪಕ್ಕದ ಹೊಂಡ ಸಾಕು, ಅರ್ಧ ದಿನದ ಕೆಲಸ. ಕ್ಯಾನು ಹೊರುವವರಿಗೆ ಊಟ ಹಾಕಿಸಿ, ಅಷ್ಟೇ ಖರ್ಚು.

"ಅದೂ ಟೆಸ್ಟೇ ತಾನೇ, ಸಿಕ್ಕಿಬಿದ್ರಿ" ಎಂದು ಒಬ್ಬರು ಚಪ್ಪಾಳೆ ತಟ್ಟಿಕೊಂಡಿದ್ದಾರೆ. ಪರೀಕ್ಷೆಯೇ ಬೇಡ ಎಂದು ನಾನು ಎಲ್ಲೂ ಹೇಳಿಲ್ಲ. ಕೊಳ್ಳುವ ಮುಂಚಿನ ಸವಾರಿ ಪರೀಕ್ಷೆಯಲ್ಲ ಎಂದೆ. ಪರೀಕ್ಷೆ ನಡೆಸಿದರಷ್ಟೇ ಸಾಲದು, ಅದರ ಫಲಿತಾಂಶಕ್ಕೆ ತಲೆಬಾಗಬೇಕು ಎಂಬುದಕ್ಕೆ ಸ್ವೀಡನ್ನಿನ 'ವಾಸಾ' ಹಡಗಿನ ಕತೆಯಿದೆ. ನೀರಿನಲ್ಲಿ ನಿಂತಿದ್ದ ಆ ಯುದ್ಧನೌಕೆಯ ಮೇಲೆ 30 ಜನರನ್ನು ಈ ಅಂಚಿನಿಂದ ಆ ಅಂಚಿಗೆ ಓಡಿಸಿದರು. ಹಡಗು ಎಷ್ಟು ತೂಗಾಡಿತೆಂದರೆ ಮಗುಚೀತೆಂಬ ಭಯಕ್ಕೆ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ದೊರೆ ಅವಸರಪಡಿಸುತ್ತಿದ್ದ, ಹಡಗನ್ನು ಕಳಿಸಿಯೇ ಬಿಟ್ಟರು. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನ ಬಂದರಿನಲ್ಲೇ, ಒಂದೂವರೆ ಕಿಲೋಮೀಟರೂ ಸಾಗದೆ ಮುಳುಗಿತು.

ವಕೀಲ ಮಿತ್ರರೊಬ್ಬರ ಆಕ್ಷೇಪವನ್ನು ಕೊನೆಯ ಹತ್ತಿರಕ್ಕೆ ಇಟ್ಟುಕೊಂಡಿದ್ದೇನೆ, ಅದರಲ್ಲಿ ನನಗೆ ರುಚಿ ಜಾಸ್ತಿ. "ನೋಡದೆ ಕೊಂಡು ಆಮೇಲೆ ಕೋರ್ಟಿಗೆ ಹೋದರೆ, ಯಾಕೆ ನೋಡಲಿಲ್ಲ ಎಂದು ನಿಮ್ಮನ್ನೇ ಕೇಳುತ್ತಾರೆ" ಎಂದರು. 1930ರ ಸರಕು ಮಾರಾಟ ಕಾಯ್ದೆಯನ್ನು ಅವರು ಇನ್ನೊಮ್ಮೆ ತಿರುವಿ ಹಾಕಲಿ. ಅಂಥದೇ ಸರಕಿನ ವ್ಯಾಪಾರ ಮಾಡುವವರಿಂದ ವಿವರಣೆ ನಂಬಿ ಕೊಂಡರೆ, ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ತಾನಾಗಿಯೇ ಬರುತ್ತದೆ ಎನ್ನುತ್ತದೆ 16ನೇ ಕಲಂ. ಅದರ ಬಾಲದಲ್ಲೊಂದು ಕೊಕ್ಕೆ: ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಆ ಷರತ್ತು ಅನ್ವಯಿಸದು. ಎಂದರೆ ನಿಮ್ಮ ದೋಣಿಯನ್ನೇ ಮೊದಲೇ ಹತ್ತಿ ಸುತ್ತು ಹೊಡೆದಿದ್ದರೆ ಮಾರುವವನು ಅದನ್ನೇ ಗುರಾಣಿ ಮಾಡಿಕೊಳ್ಳಬಹುದು. 41ನೇ ಕಲಂ ಇನ್ನೂ ಉದಾರ: ಮೊದಲು ಪರೀಕ್ಷಿಸದ ಸರಕು ಕೈಗೆ ಬಂದಾಗ, ಪರೀಕ್ಷಿಸಲು ತಕ್ಕ ಅವಕಾಶ ಸಿಗುವವರೆಗೆ ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಅದಕ್ಕೆ ಲಾರಿಯಿಂದ ದೋಣಿ ಇಳಿಸುವಾಗ ಚಾಲಕ ಚಲನ್ ಚಾಚಿ "ಸೈನ್ ಹಾಕಿ ಸಾರ್" ಎಂದರೆ, "ನೀರಿನಲ್ಲಿ ಪರೀಕ್ಷೆಗೆ ಒಳಪಟ್ಟು ಪಡೆದಿದ್ದೇನೆ" ಎಂದು ಬರೆದೇ ಸಹಿ ಹಾಕಬೇಕು. ಅವನು ಗೊಣಗುತ್ತಾನೆ, ಗೊಣಗಲಿ.

ಎದುರಾಳಿಗಳ ಮಾತು ಸರಿ ಇರುವ ಕಡೆಯೂ ಉಂಟು. ಸೆಕೆಂಡ್ ಹ್ಯಾಂಡ್ ದೋಣಿಯನ್ನು ಓಡಿಸದೆ ಕೊಳ್ಳಬಾರದು, ಎರಡು ಮಾತಿಲ್ಲ. ದಿನವಿಡೀ ಚುಕ್ಕಾಣಿ ಹಿಡಿದು ಕೂರುವ ಚಾಲಕನಿಗೆ ಸೀಟು ಬೆನ್ನಿಗೆ ಹೊಂದುತ್ತದೆಯೇ, ಮುಂದಿನ ನೀರು ಕಾಣುತ್ತದೆಯೇ ಎಂಬುದೂ ಕೂತರೇ ಗೊತ್ತಾಗುವುದು. ಅಂಥದೇ ದೋಣಿ ಹತ್ತಿರದಲ್ಲಿ ಯಾರಲ್ಲಾದರೂ ಇದ್ದರೆ ಹೋಗಿ ಕೂತು ಬರಲಿ.

ಉಳಿದದ್ದು ದುಡ್ಡಿನ ಮಾತು. "ಕಾಸು ಕೈ ಬಿಟ್ಟ ಮೇಲೆ ಯಾವನು ಫೋನ್ ಎತ್ತುತ್ತಾನೆ?" ಎತ್ತುವುದಿಲ್ಲ. ಆದ್ದರಿಂದ ಪೂರ್ತಿ ಕಾಸು ಬಿಡಬೇಡಿ. ಮುಂಗಡ ಇಷ್ಟು, ಒಡಲು ಅಚ್ಚಿನಿಂದ ಬಂದು ತೂಕ ತಾಳೆಯಾದ ಮೇಲೆ ಇಷ್ಟು, ಕ್ಯಾನಿನ ಪರೀಕ್ಷೆ ಮುಗಿದು ಎಂಜಿನ್ ಕೂತ ಮೇಲೆ ಇಷ್ಟು ಎಂದು ಕರಾರಿನಲ್ಲಿ ಬರೆಸಿ. ಕೊನೆಯ ಕಂತು ಮಾತ್ರ ನಮ್ಮ ನೀರಿನಲ್ಲಿ ಓಡಿದ ಮೇಲೆ: ಹನ್ನೆರಡು ಜನ, ತುಂಬಿದ ಟ್ಯಾಂಕು, ಕಬಿನಿ ಹಿನ್ನೀರು, ಇಂತಿಷ್ಟು ವೇಗ, ಪೂರ್ತಿ ಥ್ರಾಟಲ್‌ನಲ್ಲಿ ಇಂತಿಷ್ಟು ಆರ್‌ಪಿಎಂ. ಇದಕ್ಕೆ ಒಪ್ಪದವರ ಬಳಿ ಕೊಳ್ಳಲೇಬೇಡಿ, ಅವರು ಬಿಟ್ಟಿಯಾಗಿ ದಿನವಿಡೀ ಸವಾರಿ ಕೊಟ್ಟರೂ. ಮಾರ್ಚಿನೊಳಗೆ ಲೆಕ್ಕ ಮುಗಿಸಿಕೊಡಿ ಎಂದು ಅವಸರಪಡಿಸುವವರೂ ಇರುತ್ತಾರೆ. ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದು, ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ತಲೆ ಎತ್ತಿರುತ್ತವೆ. ಅಲ್ಲಿ ಹೊಸ ಪ್ರೊಪೆಲ್ಲರ್ ತಿರುಗಿಸುವುದು ಹುಚ್ಚುತನ. ವಯನಾಡಿನಲ್ಲಿ ಮಳೆ ಹಿಡಿದರೆ ಜುಲೈ ಹೊತ್ತಿಗೆ ನೀರು ಏರುತ್ತದೆ. ಆ ಕೊನೆಯ ಕಂತು ಅಲ್ಲಿಯವರೆಗೂ ನಿಮ್ಮ ಖಾತೆಯಲ್ಲೇ ಇರಲಿ.